ತಾಂಬಟ ಆಳಿಯಿಂದ ರಾಂಜಣಗಾಂವಕ್ಕೆ

ಪುಣೆಯಿಂದ, ಈಗ ಅಹಿಲ್ಯಾನಗರವೆನಿಸಿಕೊಂಡಿರುವ ಅಹಮದನಗರದ ಕಡೆಗೆ ಸುಮಾರು ಐವತ್ತು ಕಿಲೋಮೀಟರು ಸಾಗಿದಲ್ಲಿ ದೊರೆಯುವ ರಾಂಜಣಗಾಂವವು ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಒಂದಾಗಿ ಯಾತ್ರಿಕರಿಗೆ ಬಹುಕಾಲದಿಂದ ಪರಿಚಿತವಾದ ಊರು. ತ್ರಿಪುರಾಸುರನ ಮೇಲೆ ದಂಡೆತ್ತಿ ಹೊರಟ ಶಿವನು ಇಲ್ಲಿ ಮಗನನ್ನೇ ಮೊದಲು ಪೂಜಿಸಬೇಕಾಯಿತೆಂಬುದು ಸ್ಥಳಪುರಾಣ. ಪೇಶ್ವೆ ಮಾಧವರಾಯನು ಗರ್ಭಗೃಹವನ್ನು ಕಟ್ಟಿಸಿದನೆಂಬುದೂ, ಇಂದೂರಿನ ಕಿಬೆ ಸರದಾರರು ಜೀರ್ಣೋದ್ಧಾರ ಮಾಡಿಸಿದರೆಂಬುದೂ ಅದರ ಮುಂದಿನ ಚರಿತ್ರೆ. ಅದೇ ಹೆಸರಿನ ಕೈಗಾರಿಕಾ ಪ್ರದೇಶದಲ್ಲಿ ಇಂದು ಎಲ್‌ಜಿ, ವರ್ಲ್‌ಪೂಲ್ ಮೊದಲಾದ ಕಂಪನಿಗಳ ಕಾರ್ಖಾನೆಗಳು ಫ್ರಿಜ್‌ಗಳನ್ನು ತಯಾರಿಸುತ್ತಿವೆ. ಫ್ರಿಜ್ಜಿನ ಬೆನ್ನಿನ ಲೋಹದ ಮುಚ್ಚಳವನ್ನು ತೆಗೆದು ನೋಡುವ ಕುತೂಹಲವಿದ್ದವರಿಗೆ ತಾಮ್ರವು ಅಲ್ಲಿ ಎರಡು ವೇಷಗಳಲ್ಲಿ ಕಾಣಿಸಿಕೊಳ್ಳುವುದುಂಟು: ಅನಿಲವನ್ನು ಒಯ್ಯುವ ಬಾಗಿದ ಕೊಳವೆಯಾಗಿ, ಮತ್ತು ಮೋಟಾರಿನೊಳಗಿನ ತಂತಿಯ ಸುರುಳಿಯಾಗಿ. ಮುರಿಯದೆ ಬಾಗುವ ಗುಣವೂ ವಿದ್ಯುತ್ತನ್ನು ಹರಿಯಗೊಡುವ ಗುಣವೂ ತಾಮ್ರಕ್ಕೆ ಒಂದೇ ಮೂಲದಿಂದ ಬಂದವುಗಳಾದರೂ, ಪುಣೆಯ ಸೀಮೆಗೆ ಅವು ಬೇರೆ ಬೇರೆ ಶತಮಾನಗಳಲ್ಲಿ, ಬೇರೆ ಬೇರೆ ಜನರ ಕೈಯಿಂದ ಪರಿಚಯವಾದವು.

ಮೊದಲನೆಯದನ್ನು ಬಲ್ಲವರು ತಾಂಬಟರು. ಪೇಶ್ವೆಯರ ಕಾಲದಲ್ಲಿ ಕೊಂಕಣದಿಂದ ಘಟ್ಟವನ್ನೇರಿ ಬಂದ ಈ ತಾಮ್ರದ ಕುಶಲಕರ್ಮಿಗಳು ಪುಣೆಯ ಅತಿ ಹಳೆಯ ಭಾಗವಾದ ಕಸಬಾ ಪೇಟೆಯಲ್ಲಿ ನೆಲೆಸಿದ್ದರಿಂದ ಅವರ ಓಣಿಗೆ ತಾಂಬಟ ಆಳಿ ಎಂದೇ ಹೆಸರಾಯಿತು. ನಮ್ಮ ನಾಗಮಂಗಲದ ಕಂಚುಗಾರರ ಬೀದಿಯನ್ನು ಕಂಡವರಿಗೆ ಆ ಓಣಿಯ ಸದ್ದು ಹೊಸದಾಗಿ ತೋರಲಾರದು. ಹಂಡೆ, ಬಿಂದಿಗೆ, ನೀರು ಕಾಯಿಸುವ ಬಂಬ ಇವೆಲ್ಲವೂ ಅಲ್ಲಿ ತಗಡಿನಿಂದಲೇ ಮೈತಳೆಯುತ್ತಿದ್ದವು. ಕೊನೆಗೆ ಪಾತ್ರೆಯ ಮೈತುಂಬ ಸಾಲುಸಾಲಾಗಿ ಸುತ್ತಿಗೆಯ ಗುರುತು ಮೂಡಿಸುವ ಮಾಠಾರಕಾಮವು ಕೇವಲ ಅಲಂಕಾರವಾಗಿರದೆ, ತೆಳುವಾದ ತಗಡಿಗೆ ಗಡುಸನ್ನೂ ತರುವ ಕ್ರಿಯೆಯಾಗಿತ್ತು. ಬಡಿದಷ್ಟೂ ತಾಮ್ರವು ಬಿರುಸಾಗುತ್ತದೆ. ಇನ್ನೊಂದೆರಡು ಪೆಟ್ಟಿಗೆ ಬಿರಿಯುವ ಹಂತ ಬಂದಾಗ ಅದನ್ನು ಕುಲುಮೆಯಲ್ಲಿ ಕಾಯಿಸಿದರೆ ಮತ್ತೆ ಮೃದುವಾಗುತ್ತದೆ. ಆ ಹಂತವನ್ನು ತಾಂಬಟನು ಪೆಟ್ಟಿನ ನಾದದಿಂದಲೂ ಕೈಗೆ ಮರಳುವ ಕಂಪನದಿಂದಲೂ ಗುರುತಿಸುತ್ತಿದ್ದನು. ಅವನ ಕಿವಿಗೆ ಸಮನಾದ ಉಪಕರಣವೊಂದು ಆ ಕಾಲದ ಯಾವ ಪ್ರಯೋಗಶಾಲೆಯಲ್ಲಿಯೂ ಇದ್ದಿರಲಾರದು.

ಉಪ್ಪಿನ ಹರಳಿಗೆ ಅದೇ ಸುತ್ತಿಗೆಯ ಪೆಟ್ಟು ಬಿದ್ದರೆ ಅದು ಪುಡಿಯಾಗುವುದೇತಕ್ಕೆ, ತಾಮ್ರವು ಹರಡಿಕೊಳ್ಳುವುದೇತಕ್ಕೆ? ಈ ಪ್ರಶ್ನೆಗೆ ಉತ್ತರ ದೊರೆಯಲು, 1897ರಲ್ಲಿ ಕೇಂಬ್ರಿಜ್ಜಿನ ಜೆ. ಜೆ. ಥಾಮ್ಸನ್ನನು ಪರಮಾಣುವಿಗಿಂತಲೂ ಎಷ್ಟೋ ಹಗುರಾದ ಋಣವಿದ್ಯುತ್ಕಣವನ್ನು, ಎಂದರೆ ಎಲೆಕ್ಟ್ರಾನನ್ನು, ಗುರುತಿಸುವವರೆಗೆ ಲೋಕವು ಕಾಯಬೇಕಾಯಿತು. ಉಪ್ಪಿನಲ್ಲಿ ಸೋಡಿಯಂ ಪರಮಾಣುವು ತನ್ನ ಒಂದು ಎಲೆಕ್ಟ್ರಾನನ್ನು ಕ್ಲೋರಿನ್ನಿಗೆ ಒಪ್ಪಿಸಿಬಿಟ್ಟಿರುವುದರಿಂದ, ಧನ ಋಣ ಕಣಗಳು ಒಂದನ್ನೊಂದು ಸೆಳೆದುಕೊಂಡು ಕ್ರಮವಾಗಿ ನಿಂತಿರುತ್ತವೆ. ಪೆಟ್ಟಿಗೆ ಪದರವು ಸ್ವಲ್ಪ ಜರುಗಿದರೆ ಸಮಾನ ವಿದ್ಯುತ್ತಿನ ಕಣಗಳು ಎದುರುಬದುರಾಗಿ ಒಂದನ್ನೊಂದು ನೂಕುವುದರಿಂದ ಹರಳು ಸೀಳುತ್ತದೆ. ನೀರಿನಂಥ ವಸ್ತುಗಳಲ್ಲಿ ಎರಡು ಪರಮಾಣುಗಳು ಒಂದು ಜೋಡಿ ಎಲೆಕ್ಟ್ರಾನುಗಳನ್ನು ಹಂಚಿಕೊಂಡು ಬಂಧಿತವಾಗಿರುತ್ತವೆಂಬುದನ್ನು 1916ರಲ್ಲಿ ಅಮೆರಿಕದ ಜಿ. ಎನ್. ಲೂಯಿಸ್ ಪ್ರತಿಪಾದಿಸಿದನು. ತಾಮ್ರದ ರೀತಿಯೇ ಬೇರೆ. ಅದರ ಪರಮಾಣುವಿನ ಇಪ್ಪತ್ತೊಂಬತ್ತು ಎಲೆಕ್ಟ್ರಾನುಗಳಲ್ಲಿ ಅತ್ಯಂತ ಹೊರಗಿನದೊಂದರ ಹಿಡಿತವು ಸಡಿಲವಾದುದು; ತುಂಡು ತಾಮ್ರದಲ್ಲಿ ಅಂಥ ಎಲೆಕ್ಟ್ರಾನುಗಳು ಯಾವೊಂದು ಪರಮಾಣುವಿನ ಸ್ವತ್ತೂ ಆಗಿರದೆ, ಊರ ಗೋಮಾಳದಂತೆ ಎಲ್ಲಕ್ಕೂ ಸೇರಿದವುಗಳಾಗಿರುತ್ತವೆ. ಆದಕಾರಣ ಪರಮಾಣುಗಳ ಒಂದು ಸಾಲು ಮತ್ತೊಂದರ ಮೇಲೆ ಜಾರಿದರೂ ಬಂಧವು ಕಡಿದುಹೋಗುವುದಿಲ್ಲ. ಬಡಿತದಿಂದ ಆ ಸಾಲುಗಳಲ್ಲಿನ ದೋಷಗಳು ಹೆಚ್ಚಿ ಒಂದಕ್ಕೊಂದು ತೊಡರಿಕೊಂಡಾಗ ಲೋಹ ಗಡುಸಾಗುತ್ತದೆ, ಕಾಯಿಸಿದಾಗ ತೊಡಕು ಬಿಡುತ್ತದೆ. ಇದೇ ಸ್ವತಂತ್ರ ಎಲೆಕ್ಟ್ರಾನುಗಳಿಂದಲೇ ಲೋಹಗಳ ವಿದ್ಯುದ್ವಾಹಕತೆಯನ್ನು ಜರ್ಮನಿಯ ಪಾಲ್ ಡ್ರೂಡೆ 1900ರಲ್ಲಿ ವಿವರಿಸಿದನು. ಅವನ ಲೆಕ್ಕದ ಕೊರತೆಗಳನ್ನು ಹೊಸ ಕ್ವಾಂಟಂ ಸಿದ್ಧಾಂತದಿಂದ ಸಾಮರ್‌ಫೆಲ್ಡನು ತಿದ್ದಿದ್ದು 1920ರ ದಶಕದ ಕೊನೆಯಲ್ಲಿ.

ತಾಮ್ರವು ಎಲೆಕ್ಟ್ರಾನನ್ನು ಬಿಟ್ಟುಕೊಡಬಲ್ಲುದೆಂಬ ಸಂಗತಿಯ ಕಹಿಯನ್ನು ಅಡುಗೆಮನೆಯವರು ಬಲ್ಲರು. ಹುಳಿ ತಗುಲಿದ ತಾಮ್ರದಿಂದ ಗಾಳಿಯಲ್ಲಿನ ಆಮ್ಲಜನಕವು ಎಲೆಕ್ಟ್ರಾನುಗಳನ್ನು ಕಸಿದುಕೊಂಡು ಹಸಿರು ಕಿಲುಬನ್ನುಂಟುಮಾಡುತ್ತದೆ. ಅಂಥ ಪಾತ್ರೆಯ ಸಾರು ಹೊಟ್ಟೆಗೆ ವಿಷಪ್ರಾಯ. ಇದಕ್ಕೆ ಪ್ರತೀಕಾರವಾಗಿ ಬಂದುದು ಕಲಾಯಿ. ಕಾದ ಪಾತ್ರೆಯೊಳಗೆ ನವಸಾಗರವನ್ನು ಉದುರಿಸಿ, 232 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿಯೇ ಕರಗುವ ತವರವನ್ನು ಅರಳೆಯಿಂದ ಒರಸುವ ಆ ಕೆಲಸವು ಬಳಿಯುವುದಕ್ಕಿಂತ ಆಳವಾದುದು: ನವಸಾಗರದ ಹೊಗೆಯಲ್ಲಿನ ಆಮ್ಲವು ತಾಮ್ರದ ಮೇಲಿನ ಮಸಿಯನ್ನು ಕರಗಿಸಿ ಶುದ್ಧ ಲೋಹವನ್ನು ತೆರೆದಿಟ್ಟೊಡನೆ, ತವರವೂ ತಾಮ್ರವೂ ಕೂಡುವೆಡೆಯಲ್ಲಿ ಎರಡೂ ಸೇರಿದ ತೆಳುವಾದೊಂದು ಸಂಯುಕ್ತ ಪದರ ಹುಟ್ಟುತ್ತದೆ. ಸ್ಟೀಲು ಪಾತ್ರೆಗಳು ಬಂದ ಮೇಲೆ ಬೀದಿಯಲ್ಲಿ ‘ಕಲಾಯಿ’ ಎಂದು ಕೂಗಿ ಬರುವವರು ವಿರಳರಾದರು.

ವಿದ್ಯುತ್ತನ್ನು ಹರಿಯಗೊಡುವ ಎರಡನೆಯ ಗುಣದ ಚರಿತ್ರೆಯು ಇಷ್ಟು ಸಾಧುವಾದುದಲ್ಲ. ಮೈಸೂರು ಸಂಸ್ಥಾನವು 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತನ್ನು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿದಾಗ ಎಲೆಕ್ಟ್ರಾನಿಗೆ ಇನ್ನೂ ಐದೇ ವರ್ಷ ವಯಸ್ಸು. ತಂತಿಯೊಳಗೆ ನಡೆಯುವುದೇನೆಂಬುದನ್ನು ನಿಶ್ಚಯವಾಗಿ ತಿಳಿಯದೆಯೇ, ಓಮ್ ಮತ್ತು ಫ್ಯಾರಡೆಯವರ ನಿಯಮಗಳ ಬಲದಿಂದ ಎಂಜಿನಿಯರುಗಳು ಅದನ್ನು ಸಾಧಿಸಿದರು. ಸಹ್ಯಾದ್ರಿಯಲ್ಲಿ ಟಾಟಾ ಸಂಸ್ಥೆಯ ಖೋಪೋಲಿ ವಿದ್ಯುದಾಗಾರವು ಮುಂಬಯಿಯ ಗಿರಣಿಗಳಿಗಾಗಿ 1915ರಲ್ಲಿ ಆರಂಭವಾಯಿತು. ಅನಂತರ ಪುಣೆ ಜಿಲ್ಲೆಯ ಮುಳಶಿಯಲ್ಲಿ ನೀಲಾ ಮುಳಾ ನದಿಗಳ ಸಂಗಮಕ್ಕೆ ಅಣೆಕಟ್ಟು ಹಾಕಲು ಹೊರಟಾಗ, ಗದ್ದೆಗಳನ್ನು ಕಳೆದುಕೊಳ್ಳಲಿದ್ದ ಮಾವಳದ ರೈತರು 1921ರ ಏಪ್ರಿಲಿನಲ್ಲಿ ಸತ್ಯಾಗ್ರಹ ಹೂಡಿದರು. ಅವರ ಮುಂದಾಳಾಗಿ ನಿಂತ ಪಾಂಡುರಂಗ ಮಹಾದೇವ ಬಾಪಟರು ಸೇನಾಪತಿ ಎಂಬ ಬಿರುದಿನಿಂದ ಪ್ರಸಿದ್ಧರಾದರು. ಹೋರಾಟವು 1924ರ ಹೊತ್ತಿಗೆ ಮುರಿದುಬಿದ್ದಿತು, ಊರುಗಳು ಮುಳುಗಿದವು, ಘಟ್ಟದ ಕೆಳಗಿನ ಭಿರಾ ವಿದ್ಯುದಾಗಾರವು 1927ರಲ್ಲಿ ಚಲಿಸತೊಡಗಿತು. ಮುಳಶಿಯ ನೀರು ಕೊಂಕಣಕ್ಕಿಳಿದು ಹೋಗುವುದಾದರೂ, ಭಿರಾದ ಎಲೆಕ್ಟ್ರಾನು ಮುಂಬಯಿಗೆ ಹೋಗುವುದಿಲ್ಲವೆಂಬುದು ವಿಚಿತ್ರವಾದರೂ ನಿಜ. ತಂತಿಯ ಎಲೆಕ್ಟ್ರಾನುಗಳು ಇದ್ದಲ್ಲಿಯೇ ಸೆಕೆಂಡಿಗೆ ಐವತ್ತು ಬಾರಿ ಹಿಂದುಮುಂದಾಗಿ ತೂಗುತ್ತಿರುತ್ತವೆ, ದೂರ ಸಾಗುವುದು ಅವನ್ನು ತೂಗಿಸುವ ಶಕ್ತಿ ಮಾತ್ರ. ಆ ಶಕ್ತಿಯ ಬೆಲೆಯನ್ನು ಗದ್ದೆಯ ರೂಪದಲ್ಲಿ ತೆತ್ತವರ ಮನೆಗಳಿಗೆ ಅದು ಮೊದಲು ಬರಲಿಲ್ಲವೆಂಬುದನ್ನು ವಿದ್ಯುತ್ತಿನ ಚರಿತ್ರಕಾರರು ಸಾಮಾನ್ಯವಾಗಿ ಅಡಿಟಿಪ್ಪಣಿಗೆ ತಳ್ಳುತ್ತಾರೆ. ಅದು ಗ್ರಂಥದ ನಡುವಿನಲ್ಲಿಯೇ ಇರತಕ್ಕದ್ದೆಂದು ನನ್ನ ಮತ.

ಶಕ್ತಿಯನ್ನು ದುಡಿಸಿಕೊಳ್ಳುವ ಯಂತ್ರಗಳ ಕಥೆಯಲ್ಲಿ ನಮ್ಮ ಸೀಮೆಯವರೂ ಬರುತ್ತಾರೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲಿಗೆ ಬಂದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನವು 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರುಗಳ ಕಾರ್ಖಾನೆಯನ್ನೂ, ಪುಣೆಯಲ್ಲಿ ಎಂಜಿನ್ನುಗಳ ಕಾರ್ಖಾನೆಯನ್ನೂ ಸ್ಥಾಪಿಸಿತು. ಅದೇ ಕಥೆಯ ಮುಂದುವರಿಕೆಯಾಗಿ ರಾಂಜಣಗಾಂವದಲ್ಲಿ 297 ಎಕರೆಯ ಎಲೆಕ್ಟ್ರಾನಿಕ್ಸ್ ತಯಾರಿಕಾ ಸಂಕುಲವೊಂದಕ್ಕೆ ಕೇಂದ್ರ ಸರಕಾರವು 2022ರಲ್ಲಿ ಒಪ್ಪಿಗೆ ನೀಡಿತು. ಅದರ ವೆಚ್ಚದ ಅಂದಾಜು 492 ಕೋಟಿ ರೂಪಾಯಿಗಳನ್ನು ಮೀರಿದುದು.

ಅಲ್ಲಿಗೆ ವಿದ್ಯುತ್ತನ್ನು ತರುವ ಹೈಟೆನ್ಷನ್ ತಂತಿಗಳಲ್ಲಿ ಮಾತ್ರ ತಾಮ್ರವಿಲ್ಲ. ಸಮಾನ ತೂಕದಲ್ಲಿ ಅಲ್ಯೂಮಿನಿಯಂ ತಾಮ್ರದ ಎರಡರಷ್ಟು ವಾಹಕವಾದುದರಿಂದ, ಗೋಪುರಗಳ ನಡುವೆ ತೂಗುವ ತಂತಿಯು ಉಕ್ಕಿನ ಎಳೆಗಳ ಸುತ್ತ ಅಲ್ಯೂಮಿನಿಯಂ ಹೊಸೆದುದಾಗಿರುತ್ತದೆ. ತೂಕಕ್ಕಿಂತ ಜಾಗದ ಕೊರತೆಯೇ ಹೆಚ್ಚಾಗಿರುವ ಮೋಟಾರಿನೊಳಗೆ, ಅದೇ ಗಾತ್ರದಲ್ಲಿ ಹೆಚ್ಚು ಪ್ರವಾಹವನ್ನು ಒಯ್ಯಬಲ್ಲ ತಾಮ್ರದ ಸುರುಳಿಗೇ ಈಗಲೂ ಪ್ರಾಶಸ್ತ್ಯ.