ಉದರದ ಸಿ.ಟಿ. ಪರೀಕ್ಷೆ: ಯಂತ್ರದ ಚರಿತ್ರೆ, ರೋಗಿಯ ಚರಿತ್ರೆ



ಇಂದಿನ ಉಪನ್ಯಾಸಕ್ಕೆ ನಾವು ಆರಿಸಿಕೊಂಡಿರುವ ವಿಷಯ ಹೊಟ್ಟೆಯ ಸಿ.ಟಿ. ಸ್ಕ್ಯಾನ್. ಹಾಡು, ನಾಟಕ, ಹಬ್ಬದೂಟಗಳ ಕೂಟದಲ್ಲಿ ಇಂಥ ವಿಷಯವೇಕೆಂದು ಕೆಲವರಿಗೆ ಅನಿಸಬಹುದು. ಹೊಟ್ಟೆನೋವಿಗೆ ಭಾಷೆಯ ಭೇದವಿಲ್ಲ. ಆದರೆ ಅದನ್ನು ಹೇಳಿಕೊಳ್ಳಲು ಭಾಷೆ ಬೇಕು. ಮೊಮ್ಮಕ್ಕಳನ್ನು ನೋಡಲು ಊರಿನಿಂದ ಬಂದ ತಂದೆತಾಯಿಗಳು ಐರ್ಲೆಂಡಿನ ಆಸ್ಪತ್ರೆಯಲ್ಲಿ ಮಲಗಿ, ಕೇಳಿದ ಪ್ರಶ್ನೆಗೆಲ್ಲ ಹೂಂಗುಟ್ಟುವುದನ್ನು ವೈದ್ಯರಾದ ನಾವು ಕಂಡಿದ್ದೇವೆ. ಈ ಯಂತ್ರ ಬೆಳೆದುಬಂದ ಬಗೆಯನ್ನು ಅರಿತರೆ, ಅದರ ಮುಂದೆ ರೋಗಿಯಾದವನು ಏನನ್ನು ಹೇಳಬೇಕು, ಏನನ್ನು ಕೇಳಬೇಕು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಕಥೆ ಆರಂಭವಾಗುವುದು ನಾವು ನೆಲೆಸಿರುವ ಈ ನಾಡಿನಲ್ಲಿಯೇ. ಮೇನೂತ್‌ನ ಧರ್ಮವಿದ್ಯಾಲಯದಲ್ಲಿ ವಿಜ್ಞಾನ ಬೋಧಿಸುತ್ತಿದ್ದ ಪಾದ್ರಿ ನಿಕೋಲಸ್ ಕ್ಯಾಲನ್ 1836ರಲ್ಲಿ ಪ್ರೇರಣ ಸುರುಳಿಯನ್ನು ನಿರ್ಮಿಸಿದರು. ಬ್ಯಾಟರಿಯ ಅಲ್ಪ ವಿದ್ಯುತ್ತನ್ನು ಭಾರಿ ಒತ್ತಡಕ್ಕೆ ಏರಿಸುವ ಸಾಧನವದು. 1895ರ ನವೆಂಬರ್ 8ರಂದು ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ವಿಲ್ಹೆಲ್ಮ್ ರೋಂಟ್‌ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದದ್ದು ಅದೇ ಜಾತಿಯ ಸುರುಳಿಯ ನೆರವಿನಿಂದ. ಕೆಲವೇ ತಿಂಗಳಲ್ಲಿ ಮುರಿದ ಮೂಳೆ, ದೇಹಹೊಕ್ಕ ಗುಂಡು ವೈದ್ಯರ ಕಣ್ಣಿಗೆ ಬಿದ್ದವು. ಹೊಟ್ಟೆ ಮಾತ್ರ ತನ್ನ ಗುಟ್ಟನ್ನು ಬಿಟ್ಟುಕೊಡಲಿಲ್ಲ. ಯಕೃತ್ತು, ಪ್ಲೀಹ, ಮೇದೋಜ್ಜೀರಕ, ಕರುಳುಗಳ ಸಾಂದ್ರತೆ ಹೆಚ್ಚುಕಡಿಮೆ ಒಂದೇ. ಅವುಗಳ ನೆರಳುಗಳು ಒಂದರ ಮೇಲೊಂದು ಬಿದ್ದು ಬೆರೆತುಹೋಗುತ್ತಿದ್ದವು. ಹೀಗಾಗಿ ರೋಗದ ನೆಲೆ ತಿಳಿಯಲೆಂದೇ ಹೊಟ್ಟೆಯನ್ನು ಕೊಯ್ದು ನೋಡುವ ಪದ್ಧತಿ ಬಹುಕಾಲ ಉಳಿಯಿತು.

ಬೆರೆತ ನೆರಳುಗಳನ್ನು ಬಿಡಿಸಿದ್ದು ಗಣಿತ. ಸುತ್ತಲಿಂದ ತೆಗೆದ ಅಳತೆಗಳಿಂದ ವಸ್ತುವಿನ ಒಳಗನ್ನು ಲೆಕ್ಕ ಹಾಕಿ ತಿಳಿಯಬಹುದೆಂಬ ಸೂತ್ರವನ್ನು ಆಸ್ಟ್ರಿಯಾದ ಯೋಹಾನ್ ರಾಡಾನ್ 1917ರಲ್ಲೇ ಸಾಧಿಸಿದ್ದರು. ಇದನ್ನರಿಯದೆ ದಕ್ಷಿಣ ಆಫ್ರಿಕಾ ಮೂಲದ ಅಲನ್ ಕಾರ್ಮ್ಯಾಕ್ 1963–64ರಲ್ಲಿ ಸ್ವತಂತ್ರವಾಗಿ ಅದೇ ದಾರಿ ಹಿಡಿದರು. ಇಂಗ್ಲೆಂಡಿನ ಇ.ಎಂ.ಐ. ಕಂಪನಿಯ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಯಂತ್ರವನ್ನೇ ಕಟ್ಟಿದರು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಒಬ್ಬ ಮಹಿಳೆಯ ಮೆದುಳಿನ ಗೆಡ್ಡೆ ಅದರಲ್ಲಿ ಕಂಡಿತು. 1979ರ ನೊಬೆಲ್ ಪ್ರಶಸ್ತಿ ಕಾರ್ಮ್ಯಾಕ್, ಹೌನ್ಸ್‌ಫೀಲ್ಡ್ ಇಬ್ಬರಿಗೂ ಸಂದಿತು.

ಕನ್ನಡ ನೆಲದ ಒಂದು ಪಾಲೂ ಇದರಲ್ಲಿದೆ. ಅದೇ 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಈ ಲೆಕ್ಕವನ್ನು ಸುಲಭವಾಗಿ, ವೇಗವಾಗಿ ಮಾಡುವ ವಿಧಾನವೊಂದನ್ನು ಪ್ರಕಟಿಸಿದರು. ಮುಂದೆ ಹಲವು ದಶಕಗಳ ಕಾಲ ಸಿ.ಟಿ. ಯಂತ್ರಗಳು ಚಿತ್ರ ಕಟ್ಟಿದ್ದು ಬಹುಮಟ್ಟಿಗೆ ಈ ಮಾರ್ಗದಲ್ಲಿ. ಇಬ್ಬರ ಹೆಸರಿನ ತುಣುಕುಗಳನ್ನು ಸೇರಿಸಿ ‘ರಾಮ್-ಲಾಕ್’ ಶೋಧಕವೆಂದು ಎಂಜಿನಿಯರುಗಳು ಇಂದಿಗೂ ಅದನ್ನು ಕರೆಯುತ್ತಾರೆ.

ಮೊದಲು ಮೆದುಳನ್ನೇ ಆರಿಸಿಕೊಂಡದ್ದೇಕೆ? ತಲೆಯನ್ನು ಅಲುಗದಂತೆ ಹಿಡಿಯಬಹುದು. ಹೊಟ್ಟೆ ಉಸಿರಿನೊಡನೆ ಏರಿಳಿಯುತ್ತದೆ. ಆರಂಭದ ಯಂತ್ರಕ್ಕೆ ಒಂದು ಸಲದ ಅಳತೆಗೆ ನಾಲ್ಕೈದು ನಿಮಿಷಗಳೇ ಬೇಕಾಗಿದ್ದವು. 1970ರ ದಶಕದ ನಡುವೆ ಈ ಅವಧಿ ಸುಮಾರು ಇಪ್ಪತ್ತು ಸೆಕೆಂಡಿಗೆ ಇಳಿದ ಮೇಲೆ ಉದರದ ಸ್ಪಷ್ಟ ಚಿತ್ರ ಕೈಗೂಡಿತು. 1989ರ ಹೊತ್ತಿಗೆ ಸುರುಳಿಯಾಕಾರದ ಸ್ಕ್ಯಾನ್, 1998ರಲ್ಲಿ ನಾಲ್ಕು ಪದರಗಳನ್ನು ಒಮ್ಮೆಲೇ ಅಳೆಯುವ ಯಂತ್ರಗಳು ಬಂದವು. ಈಗ ಇಡೀ ಹೊಟ್ಟೆಗೆ ಕೆಲವು ಸೆಕೆಂಡು ಸಾಕು. ಆದರೂ “ಉಸಿರು ಬಿಗಿಹಿಡಿಯಿರಿ” ಎಂಬ ಸೂಚನೆ ಉಳಿದಿದೆ. ಇಂಗ್ಲಿಷ್ ತಿಳಿಯದ ಹಿರಿಯರಿಗೆ ಆ ಒಂದು ಮಾತನ್ನು ಮೊದಲೇ ಕನ್ನಡದಲ್ಲಿ ಅಭ್ಯಾಸ ಮಾಡಿಸಿದರೆ ಚಿತ್ರ ಕೆಡುವುದು ತಪ್ಪುತ್ತದೆ. ಯಂತ್ರ ಅಗಲವಾದ ಬಳೆಯಂತಿರುತ್ತದೆ, ಎಂ.ಆರ್.ಐ.ನ ಉದ್ದ ಸುರಂಗದಂತಲ್ಲ ಎಂಬುದನ್ನೂ ಹೇಳಿದರೆ ಅಂಜಿಕೆ ಇಳಿಯುತ್ತದೆ.

ಒಂದೇ ಬಣ್ಣದ ಅಂಗಗಳನ್ನು ಬೇರ್ಪಡಿಸಿ ತೋರಲು ರಕ್ತನಾಳಕ್ಕೆ ಅಯೋಡಿನ್‌ಯುಕ್ತ ಔಷಧವನ್ನು ಕೊಡುತ್ತಾರೆ. ಹಳೆಯ ಔಷಧಗಳು ರಕ್ತಕ್ಕಿಂತ ಬಹಳ ಸಾಂದ್ರವಾಗಿದ್ದು ಉರಿ, ನೋವು ತರುತ್ತಿದ್ದವು. ಸ್ವೀಡನ್ನಿನ ಟೋರ್ಸ್ಟೆನ್ ಆಲ್ಮೆನ್ 1960ರ ದಶಕದಲ್ಲಿ ಇದಕ್ಕೆ ಪರಿಹಾರ ಯೋಚಿಸಿದರು. ಉಪ್ಪು ಹೆಚ್ಚಿರುವ ಪಶ್ಚಿಮ ಕರಾವಳಿಯಲ್ಲಿ ಈಜಿದರೆ ಕಣ್ಣು ಉರಿಯುತ್ತದೆ, ಉಪ್ಪು ಕಡಿಮೆಯ ಬಾಲ್ಟಿಕ್ ನೀರಿನಲ್ಲಿ ಉರಿಯುವುದಿಲ್ಲ ಎಂಬ ಅನುಭವ ಅವರಿಗೆ ದಾರಿ ತೋರಿತು. ಅವರ ಮಾರ್ಗದ ಸೌಮ್ಯ ಔಷಧಗಳೇ ಈಗ ಬಳಕೆಯಲ್ಲಿವೆ. ಚುಚ್ಚಿದೊಡನೆ ಮೈಯೆಲ್ಲ ಬಿಸಿಯಾಗಿ, ಮೂತ್ರ ಹೋದಂತೆ ಭಾಸವಾಗುವುದು ಸಹಜ, ಗಾಬರಿಪಡಬೇಕಾಗಿಲ್ಲ. ಆದರೆ ತುರಿಕೆ, ಉಸಿರುಗಟ್ಟುವಿಕೆ ಕಂಡರೆ ಆ ಕ್ಷಣವೇ ಹೇಳಬೇಕು. ಹಿಂದೆ ಇದೇ ಔಷಧಕ್ಕೆ ತೊಂದರೆಯಾಗಿದ್ದರೆ ಮುಚ್ಚಿಡಬಾರದು. ಮೀನು, ಸೀಗಡಿ ಒಗ್ಗದವರಿಗೆ ಇದೂ ಒಗ್ಗದೆಂಬ ನಂಬಿಕೆ ನಮ್ಮ ಕರಾವಳಿಯವರಲ್ಲೂ ಇದೆ. ಅದು ಸರಿಯಲ್ಲ; ಸೀಗಡಿಯ ಅಲರ್ಜಿ ಅದರ ಪ್ರೋಟೀನಿನದು, ಅಯೋಡಿನ್ನಿನದಲ್ಲ.

ಈ ಔಷಧವನ್ನು ಹೊರಹಾಕುವುದು ಮೂತ್ರಪಿಂಡ. ಆದುದರಿಂದ ಮೂತ್ರಪಿಂಡ, ಥೈರಾಯ್ಡ್ ಕಾಯಿಲೆಗಳನ್ನೂ, ಸೇವಿಸುವ ಎಲ್ಲ ಮಾತ್ರೆ, ಕಷಾಯ, ನಾಟಿ ಔಷಧಗಳನ್ನೂ ತಿಳಿಸಬೇಕು. ನಮ್ಮವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು. ಮೆಟ್‌ಫಾರ್ಮಿನ್ ಮಾತ್ರೆ ಮನೆಮನೆಯ ಸಂಗತಿ. ಮೂತ್ರಪಿಂಡ ಚೆನ್ನಾಗಿರುವವರು ಸಾಮಾನ್ಯವಾಗಿ ಅದನ್ನು ನಿಲ್ಲಿಸಬೇಕಾಗಿಲ್ಲ. ತೀರ ಕುಗ್ಗಿರುವವರು ನಿಲ್ಲಿಸಬೇಕಾಗುತ್ತದೆ. ನಿರ್ಧಾರ ವೈದ್ಯರದು. ಹಸಿದ ಹೊಟ್ಟೆಯಲ್ಲಿ ಬರಲು ಹೇಳಿದ್ದರೆ, ಅಂದಿನ ಇನ್ಸುಲಿನ್ನಿನ ಪ್ರಮಾಣವೇನೆಂದು ಕೇಳಿಕೊಳ್ಳಬೇಕು.

ಇನ್ನು ವಿಕಿರಣದ ಪ್ರಶ್ನೆ. ಎಡಿಸನ್ನರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಕ್ಷ-ಕಿರಣಗಳಿಗೆ ಮೈಯೊಡ್ಡಿ 1904ರಲ್ಲಿ ತೀರಿಕೊಂಡರು. ಅಂಥ ಬಲಿಗಳಿಂದ ವೈದ್ಯಲೋಕ ಎಚ್ಚರ ಕಲಿಯಿತು. ಐರ್ಲೆಂಡಿನ ನಿವಾಸಿಗೆ ವರ್ಷಕ್ಕೆ ಸರಾಸರಿ ಸುಮಾರು 4 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೆಲದಿಂದೇಳುವ ರೇಡಾನ್ ಅನಿಲದ್ದು. ಉದರದ ಸಿ.ಟಿ.ಯೊಂದು ಸುಮಾರು 8ರಿಂದ 10 ಮಿಲಿಸೀವರ್ಟ್, ಅಂದರೆ ಎರಡು ಎರಡೂವರೆ ವರ್ಷಗಳ ಪಾಲು. ಇಷ್ಟರಿಂದ ಮುಂದೆ ಮಾರಕ ಕ್ಯಾನ್ಸರ್ ಬರುವ ಸಂಭವ 2000ದಲ್ಲಿ ಒಂದರಷ್ಟಿರಬಹುದೆಂಬುದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಅಂದಾಜು. ಒಡೆದ ಅಪೆಂಡಿಕ್ಸ್, ಕರುಳಿನ ತಡೆಗಳ ಎದುರು ಇದು ಅಲ್ಪ. ಕಾರಣವಿಲ್ಲದೆ ಮಾಡಿಸಿದರೆ ಮಾತ್ರ ಅಲ್ಪವೂ ಅಧಿಕವೇ. ಪಿತ್ತಕೋಶದ ಕಲ್ಲಿಗೆ, ಮಕ್ಕಳ ಹೊಟ್ಟೆನೋವಿಗೆ ಸಾಮಾನ್ಯವಾಗಿ ಮೊದಲು ಅಲ್ಟ್ರಾಸೌಂಡ್ ಮಾಡುವುದು ಇದಕ್ಕಾಗಿಯೇ. ಆಗ “ದೊಡ್ಡ ಸ್ಕ್ಯಾನ್ ಮಾಡಲಿಲ್ಲ” ಎಂದು ಕೊರಗಬೇಕಾಗಿಲ್ಲ.

ಐರ್ಲೆಂಡಿನಲ್ಲಿ 2018ರ ನಿಯಮಾವಳಿಯಂತೆ ಇಂಥ ಪ್ರತಿಯೊಂದು ಪರೀಕ್ಷೆಗೂ ಸಮರ್ಥನೆಯಿರಬೇಕು. ಲಾಭ ಮತ್ತು ಅಪಾಯಗಳನ್ನು ಸಾಧ್ಯವಾದಲ್ಲೆಲ್ಲ ರೋಗಿಗೆ ಮೊದಲೇ ತಿಳಿಸಬೇಕು. ಇದರ ಪಾಲನೆಯನ್ನು ಹಿಕ್ವಾ ಎಂಬ ಪ್ರಾಧಿಕಾರ ನೋಡಿಕೊಳ್ಳುತ್ತದೆ. “ಈ ಪರೀಕ್ಷೆ ಏಕೆ? ಬೇರೆ ಉಪಾಯವಿಲ್ಲವೇ?” ಎಂದು ಕೇಳುವುದು ಉದ್ಧಟತನವಲ್ಲ. ಗರ್ಭಿಣಿಯಾಗಿರಬಹುದೇ ಎಂದು ಮಹಿಳೆಯರನ್ನು ವಿಚಾರಿಸುವುದೂ ನಿಯಮವೇ. ಅತ್ತೆ, ಮೈದುನರ ಎದುರು, ಅವರೇ ದುಭಾಷಿಗಳಾಗಿ ನಿಂತಾಗ, ನಮ್ಮ ಹೆಣ್ಣುಮಕ್ಕಳು ಈ ಪ್ರಶ್ನೆಗೆ ನಿಜ ಹೇಳಲು ಹಿಂಜರಿಯುತ್ತಾರೆ. ಏಕಾಂತವನ್ನೂ ಹೊರಗಿನ ದುಭಾಷಿಯನ್ನೂ ಕೋರಬೇಕು. ಮನೆಯವರು ತಾವಾಗಿ ಹೊರಗೆ ಹೋಗುವುದು ಇನ್ನೂ ಮೇಲು.

ನಮ್ಮ ಮಾತಿನದೇ ಒಂದು ತೊಡಕೂ ಇದೆ. ಕರ್ನಾಟಕದಲ್ಲಿ “ಸ್ಕ್ಯಾನಿಂಗ್ ಮಾಡಿಸಿದ್ದೇವೆ” ಎಂದರೆ ಬಹುತೇಕ ಅಲ್ಟ್ರಾಸೌಂಡ್. ಇಲ್ಲಿನ ವೈದ್ಯರು ಅದನ್ನು ಸಿ.ಟಿ. ಎಂದು ತಿಳಿದಾರು. ಯಾವ ಪರೀಕ್ಷೆ, ಯಾವ ವರ್ಷ, ಯಾವ ಆಸ್ಪತ್ರೆ ಎಂಬುದರ ವರದಿಯನ್ನೂ ಚಿತ್ರಗಳ ಸಿ.ಡಿ.ಯನ್ನೂ ಊರಿನಿಂದ ಬರುವಾಗಲೇ ತಂದರೆ, ಒಂದೇ ಪರೀಕ್ಷೆಯನ್ನು ಎರಡು ಸಲ ಮಾಡಿಸುವುದು ತಪ್ಪಬಹುದು.

ಎಲ್ಲಕ್ಕಿಂತ ಮುಖ್ಯವಾದುದು ಇದು. ಯಂತ್ರ ಅಳೆಯುವುದು ಸಾಂದ್ರತೆಯನ್ನು ಮಾತ್ರ. ಹೌನ್ಸ್‌ಫೀಲ್ಡರ ಮಾನದಲ್ಲಿ ನೀರು ಸೊನ್ನೆ, ಗಾಳಿ ಋಣ 1000. ಯಾವ ರೋಗಕ್ಕೂ ಅಲ್ಲಿ ಇಂಥದೇ ಎಂಬ ಅಂಕಿಯಿಲ್ಲ. ಸಣ್ಣಕರುಳಿನ ಕೊನೆಯ ಭಾಗ ದಪ್ಪಗಾಗಿ ಕಂಡರೆ ಇಲ್ಲಿನ ವೈದ್ಯರ ಮನಸ್ಸಿಗೆ ಮೊದಲು ಬರುವುದು ಕ್ರೋನ್ಸ್ ಕಾಯಿಲೆ. ಕರುಳಿನ ಕ್ಷಯವೂ ಅದೇ ಜಾಗದಲ್ಲಿ, ಅದೇ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಮೊದಲನೆಯದಕ್ಕೆ ಕೊಡುವ ಸ್ಟೀರಾಯ್ಡ್ ಎರಡನೆಯದನ್ನು ಕೆರಳಿಸಿ ಪ್ರಾಣಕ್ಕೆ ತರಬಲ್ಲದು. ತಮಗೋ ಮನೆಯವರಿಗೋ ಹಿಂದೆ ಕ್ಷಯವಿತ್ತು ಎಂಬ ಮಾತನ್ನು ನಾಚಿಕೆಯಿಂದ ನುಂಗಿಕೊಂಡರೆ, ಎಂಥ ಯಂತ್ರವೂ ಅದನ್ನು ಓದಿ ಹೇಳಲಾರದು. ಹಾಗೆಯೇ ವರದಿ ಶುದ್ಧವಾಗಿ ಬಂದೂ ನೋವು ಉಳಿದರೆ ಮತ್ತೆ ವೈದ್ಯರ ಬಳಿ ಹೋಗಬೇಕು. ಕರುಳಿನ ಒಳಪದರದ ಸಣ್ಣ ಹುಣ್ಣು ಈ ಚಿತ್ರಕ್ಕೆ ಸಿಗದಿರಬಹುದು.

ಬೇರೆ ಬೇರೆ ದೇಶಗಳ ಪ್ರತಿಭೆ ಸೇರಿ ಕಟ್ಟಿದ ಯಂತ್ರದ ಚರಿತ್ರೆಯನ್ನು ಇಷ್ಟು ಹೇಳಿದೆವು. ರೋಗಿಯ ಚರಿತ್ರೆಯನ್ನು ರೋಗಿಯೇ ಹೇಳಬೇಕು. ಅದನ್ನು ಇಂಗ್ಲಿಷಿನಲ್ಲಿ ಒಂದು ಹಾಳೆಯ ಮೇಲೆ ಬರೆದು ಮನೆಯ ಹಿರಿಯರ ಪಾಸ್‌ಪೋರ್ಟಿನೊಡನೆ ಇರಿಸುವ ಕೆಲಸವನ್ನು ಕೂಟದ ಯುವಕ ಯುವತಿಯರು ಈ ವಾರವೇ ಕೈಗೊಳ್ಳಲಿ ಎಂದು ಕೋರುತ್ತೇವೆ.