ಮೂರು ತಿಂಗಳ ಲೆಕ್ಕ: ರಾಮನಗರ ಸೀಮೆಯ ಸಣ್ಣ ಉದ್ದಿಮೆಗಳಲ್ಲಿ ತ್ರೈಮಾಸಿಕ ಪರಿಶೀಲನೆಯ ಇತಿಹಾಸ

ವರ್ಷವನ್ನು ನಾಲ್ಕು ಪಾಲು ಮಾಡಿ, ಪ್ರತಿ ಪಾಲಿನ ಕೊನೆಗೆ ಲಾಭನಷ್ಟ, ಬರಬೇಕಾದ ಬಾಕಿ, ಉಳಿದ ದಾಸ್ತಾನು ಇಷ್ಟನ್ನೂ ನೋಡಿ, ಮುಂದಿನ ಮೂರು ತಿಂಗಳಿಗೆ ಗುರಿ ಗೊತ್ತುಮಾಡಿಕೊಳ್ಳುವ ಕ್ರಮಕ್ಕೆ ತ್ರೈಮಾಸಿಕ ಪರಿಶೀಲನೆ ಎನ್ನುತ್ತಾರೆ. ಷೇರುಪೇಟೆಯ ಕಂಪನಿಗಳು ಮೂರು ತಿಂಗಳಿಗೊಮ್ಮೆ ಫಲಿತಾಂಶ ಪ್ರಕಟಿಸುವುದು ಕಾನೂನಿನ ಕಡ್ಡಾಯ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಅಂಗಡಿ, ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ, ಬೊಂಬೆ ಕಾರ್ಖಾನೆ, ಲೇತ್ ಶೆಡ್ಡುಗಳಿಗೆ ಈ ಕ್ರಮ ಬಂದ ದಾರಿ ಬೇರೆ. ಸಾಲ ಕೊಟ್ಟ ಬ್ಯಾಂಕು, ತೆರಿಗೆ ಇಲಾಖೆ ಮತ್ತು ದೊಡ್ಡ ಕಾರ್ಖಾನೆ, ಈ ಮೂರೂ ಸೇರಿ ಅದನ್ನು ಇಲ್ಲಿಗೆ ತಂದವು. ಇಲ್ಲಿನ ಹೊಲಕ್ಕಾಗಲಿ ಕಸುಬಿಗಾಗಲಿ ಮೂರು ತಿಂಗಳ ಅಳತೆ ಸ್ವಂತದ್ದಲ್ಲ.

ಬಿಡದಿ ಹೋಬಳಿಯ ಬೈರಮಂಗಲದಲ್ಲಿ ನಿಂತು ನೋಡಿದರೆ ಇದು ತಿಳಿಯುತ್ತದೆ. ವೃಷಭಾವತಿಗೆ ಅಡ್ಡಲಾಗಿ 1940ರ ದಶಕದಲ್ಲಿ ಕಟ್ಟಿದ ಬೈರಮಂಗಲ ಜಲಾಶಯದ ಅಚ್ಚುಕಟ್ಟು ಒಂದು ಕಾಲಕ್ಕೆ ಭತ್ತದ ಬಯಲು. ಬೆಂಗಳೂರಿನ ಕೊಳಚೆ ಮತ್ತು ಕೈಗಾರಿಕಾ ತ್ಯಾಜ್ಯ ನದಿಗೆ ಸೇರುತ್ತ ಬಂದಂತೆ ರೈತರು ಹಿಪ್ಪುನೇರಳೆ, ಬೇಬಿಕಾರ್ನ್, ಸೀಮೆಹಸುವಿನ ಮೇವಿನ ಹುಲ್ಲಿನ ಕಡೆ ತಿರುಗಿದರು. ಹಾಲಿನ ಬಟವಾಡೆ ವಾರ, ಹದಿನೈದು ದಿನದ ಲೆಕ್ಕ. ರೇಷ್ಮೆ ಹುಳು ಚಾಕಿಯ ಎಳೆ ಹಂತದಿಂದ, ಪೊರೆ ಕಳಚುವ ನಾಲ್ಕನೇ ಜ್ವರ ದಾಟಿ ಹಣ್ಣಾಗಲು ಸುಮಾರು 25 ದಿನ. ನೀರಾವರಿ ತೋಟವಿದ್ದರೆ ವರ್ಷಕ್ಕೆ ಐದಾರು ಬೆಳೆ. ಮಾಗಡಿ, ಕನಕಪುರದ ಕಡೆಯ ಮಾವಿನ ತೋಪಿಗೆ ವರ್ಷಕ್ಕೊಂದೇ ಫಸಲು. ಚನ್ನಪಟ್ಟಣದ ಬೊಂಬೆಗೆ ದಸರಾ ಹತ್ತಿರ ಬಂದಾಗ ಬೇಡಿಕೆ. ಇವರೆಲ್ಲರಿಗೂ ಸಾಮಾನು ಮಾರುವ ದಿನಸಿ ಅಂಗಡಿಯವನ ಸಾಲದ ಪುಸ್ತಕದಲ್ಲಿ ಈ ಎಲ್ಲ ಅವಧಿಗಳೂ ಒಂದರ ಮೇಲೊಂದು ಬಂದು ಕೂರುತ್ತವೆ.

ಹಳೆಯ ಮೈಸೂರಿನ ವರ್ತಕರು ಲೆಕ್ಕವಿಡುತ್ತಿದ್ದದ್ದು ಕಡತದಲ್ಲಿ. ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲಿನ ಲೇಪ ಹಚ್ಚಿ, ಮಡಿಕೆ ಮಡಿಕೆಯಾಗಿ ಜೋಡಿಸಿ, ಬಳಪದಲ್ಲಿ ಬರೆಯುವ ಕರಿಯ ಪುಸ್ತಕ ಅದು. ಬೇಡವಾದ ಲೆಕ್ಕ ಅಳಿಸಿ ಮತ್ತೆ ಬರೆಯಬಹುದಿತ್ತು. 1800ರಲ್ಲಿ ಈ ಸೀಮೆಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣದ ಗಾಜಿನ ಕೆಲಸವನ್ನೂ, ವಾದ್ಯಗಳಿಗೆ ಬಳಸುವ ಉಕ್ಕಿನ ತಂತಿಯನ್ನೂ ವಿವರಿಸಿದ್ದಾನೆ. ಆ ತಂತಿ ದೂರದ ಪ್ರಾಂತ್ಯಗಳಿಗೂ ಹೋಗುತ್ತಿತ್ತು. ಅಂದರೆ ಊರಾಚೆಯ ಗಿರಾಕಿ, ತಡವಾಗಿ ಬರುವ ಹಣ, ಈ ಎರಡು ತಲೆಬಿಸಿಗಳೂ ಇಲ್ಲಿನ ಕಸುಬುದಾರರಿಗೆ ಹೊಸತಲ್ಲ. ಮುಂದೆ ಕಾಗದ ಬಂದು ಕಿರ್ದಿ, ಖತಾವಣಿ ಪುಸ್ತಕಗಳಾದವು. ಯುಗಾದಿ, ಆಯುಧಪೂಜೆ, ದೀಪಾವಳಿ ಹಬ್ಬಗಳು ಹಳೆಯ ಬಾಕಿ ತೀರಿಸಲು ನೆಪವಾದವು.

ಸರ್ಕಾರಿ ವರ್ಷವೂ ಒಂದೇ ಆಗಿರಲಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ ಏಪ್ರಿಲ್ 1ರಿಂದ ಆರಂಭವಾಗುವ ಹಣಕಾಸು ವರ್ಷ ಬಂದದ್ದು 1867ರಲ್ಲಿ. ಮೈಸೂರು ಸಂಸ್ಥಾನದ ಆಡಳಿತ ವರ್ಷ ಜುಲೈಯಿಂದ ಜೂನ್‌ವರೆಗೆ ನಡೆಯುತ್ತಿತ್ತು. 1881ರಲ್ಲಿ ಶುರುವಾದ ಪ್ರಜಾಪ್ರತಿನಿಧಿ ಸಭೆಯಲ್ಲಿ ದಿವಾನರು ದಸರಾ ವೇಳೆಗೆ ರೈತರು ಮತ್ತು ವರ್ತಕರ ಮುಂದೆ ಹಿಂದಿನ ವರ್ಷದ ಆಡಳಿತದ ವರದಿ ಓದುತ್ತಿದ್ದರು. 1917ರಿಂದ ಜೂನಿನಲ್ಲಿ ಬಜೆಟ್ಟಿಗಾಗಿ ಇನ್ನೊಂದು ಅಧಿವೇಶನ ಸೇರುತ್ತಿತ್ತು. ಆಗ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಗುರಿ, ಗಡುವು, ಪ್ರಗತಿ ವರದಿಗಳ ಮೇಲೆ ಎಲ್ಲಿಲ್ಲದ ನಂಬಿಕೆ. 1911ರಲ್ಲಿ ಸ್ಥಾಪನೆಯಾದ ಮೈಸೂರು ಆರ್ಥಿಕ ಸಮ್ಮೇಳನ, 1913ರ ಮೈಸೂರು ಬ್ಯಾಂಕ್, 1916ರ ಮೈಸೂರು ವಾಣಿಜ್ಯ ಸಂಸ್ಥೆ ಆ ಕಾಲದವು. ಅಂಕಿ ಮುಂದಿಟ್ಟುಕೊಂಡು ಆಗಾಗ ಕೂತು ಪರಿಶೀಲಿಸುವ ಸಂಸ್ಥಾನದ ಈ ರೂಢಿ ಊರ ಅಂಗಡಿಯ ಗಲ್ಲಾಪೆಟ್ಟಿಗೆಯವರೆಗೆ ಇಳಿಯಲಿಲ್ಲ. ಅಲ್ಲಿಗೆ ಮುಟ್ಟಲು ಬ್ಯಾಂಕು ಸಾಲ ಬರಬೇಕಾಯಿತು.

ಸಣ್ಣ ಉದ್ದಿಮೆಗೂ ಮೂರು ತಿಂಗಳಿಗೂ ಗಂಟು ಬಿದ್ದ ಮುಖ್ಯ ಘಟನೆಯ ಬಗ್ಗೆ ಉದ್ದಿಮೆದಾರರಲ್ಲೇ ಹೆಚ್ಚು ಮಾತಿಲ್ಲ. ಸಣ್ಣ ಕೈಗಾರಿಕೆಗಳಿಗೆ ಸಾಲ ಯಾಕೆ ಸಾಲುತ್ತಿಲ್ಲ ಎಂದು ನೋಡಲು ರಿಸರ್ವ್ ಬ್ಯಾಂಕ್ 1991ರ ಕೊನೆಗೆ ಪಿ.ಆರ್. ನಾಯಕ್ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. 1992ರಲ್ಲಿ ವರದಿ ಬಂತು. ಕಚ್ಚಾ ಮಾಲು ಕೊಂಡಾಗಿನಿಂದ ಮಾರಿದ ಹಣ ಕೈಸೇರುವವರೆಗಿನ ಸುತ್ತು ಮೂರು ತಿಂಗಳು ಎಂದು ಹಿಡಿದು, ವರ್ಷದ ಅಂದಾಜು ವಹಿವಾಟಿನ ಶೇ 25ರಷ್ಟು ದುಡಿಮೆ ಬಂಡವಾಳ ಬೇಕು, ಅದರಲ್ಲಿ ಶೇ 20 ಬ್ಯಾಂಕಿನದು, ಶೇ 5 ಮಾಲೀಕರದು ಎಂಬ ಸರಳ ಸೂತ್ರ ಅದರಿಂದ ಹೊರಟಿತು. ವರ್ಷಕ್ಕೆ 40 ಲಕ್ಷ ರೂ. ವಹಿವಾಟು ನಿರೀಕ್ಷಿಸುವವರಿಗೆ ಬೇಕಾದದ್ದು 10 ಲಕ್ಷ; ಬ್ಯಾಂಕು 8, ಕೈಯಿಂದ 2.

ಸೂತ್ರ ಸರಳ, ಆದರೆ ರಾಮನಗರದ ಕಸುಬುಗಳು ಅದರೊಳಗೆ ಸರಿಯಾಗಿ ಕೂರುವುದಿಲ್ಲ. ನೂಲು ಬಿಚ್ಚಾಣಿಕೆದಾರ ಬೆಳಿಗ್ಗೆ ಗೂಡಿನ ಮಾರುಕಟ್ಟೆಯ ಹರಾಜಿನಲ್ಲಿ ಲಾಟು ಹಿಡಿದರೆ ರೈತನಿಗೆ ಕೂಡಲೇ ಹಣ ಸಂದಾಯವಾಗಬೇಕು. ಗೂಡನ್ನು ಹಬೆಗೋ ಬಿಸಿಗಾಳಿಗೋ ಒಡ್ಡದೆ ಇಟ್ಟರೆ ಕೆಲವೇ ದಿನದಲ್ಲಿ ಪತಂಗ ತೂತು ಮಾಡಿಕೊಂಡು ಹೊರಬರುತ್ತದೆ. ಹೀಗಾಗಿ ಅವನ ಸುತ್ತು ವಾರಗಳದು. ಬೊಂಬೆ ಮಾಡುವವನ ಆಲೆಮರದ ದಿಮ್ಮಿ ತಿಂಗಳುಗಟ್ಟಲೆ ಒಣಗಬೇಕು. ಅವನದು ಮೂರು ತಿಂಗಳಿಗೂ ಮೀರಿದ್ದು.

ಬ್ಯಾಂಕಿನ ಎರಡನೆಯ ಗೆರೆ ಇನ್ನೂ ಗಟ್ಟಿ. 2004ರ ಮಾರ್ಚ್ 31ರಿಂದ ಕಂತೋ ಬಡ್ಡಿಯೋ 90 ದಿನ ಮೀರಿ ಬಾಕಿ ಉಳಿದರೆ ಅದು ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಇನ್ನೊಂದು ಕಡೆ, 2006ರ ಎಂಎಸ್‌ಎಂಇ ಕಾಯ್ದೆಯಂತೆ ಕಿರು, ಸಣ್ಣ ಉದ್ದಿಮೆಯಿಂದ ಮಾಲು ಕೊಂಡವರು, ಲಿಖಿತ ಕರಾರಿದ್ದರೂ, 45 ದಿನದೊಳಗೆ ಹಣ ಕೊಡಬೇಕು. 2023–24ರ ಲೆಕ್ಕದಿಂದ, ಕಾಯ್ದೆಯ ಗಡುವು ಮೀರಿ ವರ್ಷದ ಕೊನೆಗೂ ಬಾಕಿ ಉಳಿಸಿಕೊಂಡ ಮೊತ್ತವನ್ನು ಕೊಂಡವರು ಆ ವರ್ಷದ ಖರ್ಚೆಂದು ತೋರಿಸಿ ಆದಾಯ ತೆರಿಗೆ ಉಳಿಸುವಂತಿಲ್ಲ. ಗಿರಾಕಿಯಿಂದ ಹಣ ಬರಬೇಕಾದ 45 ದಿನ, ಬ್ಯಾಂಕು ಕಾಯುವ 90 ದಿನ, ಇವೆರಡರ ನಡುವಿನ ಸಂದೇ ಬಿಡದಿಯ ಲೇತ್ ಶೆಡ್ಡಿನವರ ಉಸಿರು. ಮೂರು ತಿಂಗಳ ಪರಿಶೀಲನೆಯಲ್ಲಿ ಅವರು ಮೊದಲು ತೆರೆಯಬೇಕಾದದ್ದು ಮಾರಾಟದ ಪುಟಕ್ಕಿಂತ ಬಾಕಿದಾರರ ಪುಟ.

ತೆರಿಗೆಯ ಕಡೆಯಿಂದ ತ್ರೈಮಾಸಿಕ ಹಂತಹಂತವಾಗಿ ಬಂತು. ಮೂಲದಲ್ಲಿ ಕಡಿತವಾದ ತೆರಿಗೆಯ ವಿವರಪಟ್ಟಿ 2005–06ರಿಂದ ಮೂರು ತಿಂಗಳಿಗೊಮ್ಮೆ ಆಯಿತು. 2016–17ರಿಂದ ಕಂಪನಿಯಲ್ಲದವರೂ ಮುಂಗಡ ತೆರಿಗೆಯನ್ನು ನಾಲ್ಕು ಕಂತಿನಲ್ಲಿ ಕಟ್ಟಬೇಕಾಯಿತು: ಜೂನ್ 15ರೊಳಗೆ ಶೇ 15, ಸೆಪ್ಟೆಂಬರ್ 15ಕ್ಕೆ ಒಟ್ಟು ಶೇ 45, ಡಿಸೆಂಬರ್ 15ಕ್ಕೆ ಶೇ 75, ಮಾರ್ಚ್ 15ಕ್ಕೆ ಪೂರ್ತಿ. ವಹಿವಾಟಿನ ಮೇಲೆ ಅಂದಾಜು ಲಾಭ ತೋರಿಸುವ ಸಣ್ಣ ವ್ಯಾಪಾರಿಗೆ ಮಾತ್ರ ಮಾರ್ಚ್ 15ರ ಒಂದೇ ಕಂತು. ಪುಸ್ತಕವಿಡುವ ಗೋಜಿಲ್ಲ ಎಂಬ ಈ ಅನುಕೂಲ ಅವನನ್ನು ವರ್ಷಪೂರ್ತಿ ಸ್ವಂತ ಲಾಭ ಎಷ್ಟೆಂದು ನೋಡದಂತೆಯೂ ಮಾಡುತ್ತದೆ ಎಂಬುದನ್ನು ಇಲ್ಲಿ ಹೇಳಲೇಬೇಕು.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ, ವಹಿವಾಟಿನ ಮೇಲೆ ಗೊತ್ತಾದ ದರದಲ್ಲಿ ಕಟ್ಟುವ ರಾಜಿ ತೆರಿಗೆಯವರಿಗೆ ಮೂರು ತಿಂಗಳ ಕಂತು ಗೊತ್ತಾಯಿತು. ಈಗ ಪ್ರತಿ ತ್ರೈಮಾಸಿಕದ ನಂತರದ ತಿಂಗಳ 18ರೊಳಗೆ ಅವರು ಸಿಎಂಪಿ–08 ನಮೂನೆ ಸಲ್ಲಿಸಬೇಕು. 2021ರ ಜನವರಿ 1ರಿಂದ 5 ಕೋಟಿ ರೂ. ವರೆಗಿನ ವಹಿವಾಟಿನವರಿಗೆ ಮೂರು ತಿಂಗಳಿಗೊಂದು ರಿಟರ್ನ್ ಸಲ್ಲಿಸಿ, ಮೊದಲ ಎರಡು ತಿಂಗಳು ತೆರಿಗೆ ಮಾತ್ರ ಕಟ್ಟುವ ಆಯ್ಕೆ ದೊರೆಯಿತು. ರೇಷ್ಮೆ ಗೂಡು ಮತ್ತು ಹುರಿ ಮಾಡದ ಕಚ್ಚಾ ರೇಷ್ಮೆಗೆ ಜಿಎಸ್‌ಟಿ ಇಲ್ಲವಾದ್ದರಿಂದ ಗೂಡಿನ ಮಾರುಕಟ್ಟೆಯ ಸುತ್ತಲಿನ ಬಹುಪಾಲು ವ್ಯವಹಾರ ಈ ಪಂಚಾಂಗದ ಹೊರಗೇ ಉಳಿಯಿತು. ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ಬಂದಾಗ ಬಿಲ್ಲಿನ ಕಟ್ಟು ಹಿಡಿದು ಆಡಿಟರ್ ಕಚೇರಿಗೆ ಹೋಗುವವರು ಹಾರ್ಡ್‌ವೇರ್, ಬಟ್ಟೆ, ಮೊಬೈಲ್ ಅಂಗಡಿಯವರು.

ಮೂರನೆಯ ದಾರಿ ಕಾರ್ಖಾನೆ. ಟೊಯೋಟಾ ಕಿರ್ಲೋಸ್ಕರ್ ಮೋಟಾರ್ 1997ರಲ್ಲಿ ಸ್ಥಾಪನೆಯಾಗಿ, 1999ರ ಡಿಸೆಂಬರಿನಲ್ಲಿ ಬಿಡದಿಯಲ್ಲಿ ವಾಹನ ತಯಾರಿಕೆ ಆರಂಭಿಸಿತು. 2010ರಲ್ಲಿ ಎರಡನೇ ಘಟಕ ಬಂತು. ಟೊಯೋಟಾ ಪದ್ಧತಿಯಲ್ಲಿ ಬಿಡಿಭಾಗ ಪೂರೈಸುವವರಿಗೆ ಮುಂದಿನ ಮೂರು ತಿಂಗಳ ಅಂದಾಜು ಸಿಗುತ್ತದೆ, ಆದರೆ ಅದನ್ನು ಪ್ರತಿ ತಿಂಗಳೂ ತಿದ್ದುತ್ತಾರೆ: ಹತ್ತಿರದ ತಿಂಗಳು ಹೆಚ್ಚುಕಡಿಮೆ ಖಚಿತ, ದೂರದ ಎರಡು ಅಂದಾಜು. ನಿಂತ ನಾಲ್ಕು ಪಾಲಿಗಿಂತ ಉರುಳುವ ಮೂರು ತಿಂಗಳು ಸಣ್ಣವರಿಗೆ ಹೆಚ್ಚು ಒಗ್ಗುವ ಕ್ರಮ. ಗೂಡಿನ ಬೆಲೆ ತಿಂಗಳೊಪ್ಪತ್ತಿನಲ್ಲೇ ಏರಿಳಿಯುವ ಊರಿನಲ್ಲಿ ಏಪ್ರಿಲಿನಲ್ಲಿ ಬರೆದಿಟ್ಟ ಗುರಿಯನ್ನು ಜೂನ್ ಕೊನೆಯವರೆಗೆ ಮುಟ್ಟದೆ ಇಡುವುದರಲ್ಲಿ ಅರ್ಥವಿಲ್ಲ.

ಗುರಿ ಇಡುವ ವಿದ್ಯೆ ಪುಸ್ತಕಕ್ಕೆ ಬಂದದ್ದು ಅಮೆರಿಕದಲ್ಲಿ. ಪೀಟರ್ ಡ್ರಕರ್ 1954ರಲ್ಲಿ ಗುರಿಗಳ ಮೂಲಕ ಆಡಳಿತ ಎಂಬ ವಿಚಾರ ಮುಂದಿಟ್ಟ. ಇಂಟೆಲ್ ಕಂಪನಿಯಲ್ಲಿ ಆಂಡಿ ಗ್ರೋವ್ ಅದನ್ನು ಗುರಿ ಮತ್ತು ಅಳೆಯಬಹುದಾದ ಫಲಿತಾಂಶಗಳ ರೂಪಕ್ಕೆ ತಂದ. ಅದನ್ನೇ ಹೂಡಿಕೆದಾರ ಜಾನ್ ಡೋರ್ 1999ರಲ್ಲಿ ಗೂಗಲ್‌ಗೆ ಕಲಿಸಿದ. ಸಾವಿರಾರು ನೌಕರರು ಒಂದೇ ಕಡೆ ನೋಡುವಂತೆ ಮಾಡುವುದು ಅಲ್ಲಿನ ಸಮಸ್ಯೆ. ಗಂಡ, ಹೆಂಡತಿ, ನಾಲ್ಕು ಜನ ಆಳು ಇರುವ ಘಟಕಕ್ಕೆ ಆ ಸಮಸ್ಯೆಯೇ ಇಲ್ಲ. ಯಾವ ಅಂಕಿಯ ಮೇಲೆ ತನ್ನ ಹಿಡಿತವಿದೆ ಎಂಬುದನ್ನು ಆರಿಸಿಕೊಳ್ಳುವುದೇ ಇಲ್ಲಿನ ಪ್ರಶ್ನೆ.

ನೂಲು ಬಿಚ್ಚಾಣಿಕೆಯಲ್ಲಿ ಅಂಥ ಅಂಕಿ ಒಂದಿದೆ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕಾಯಿತು ಎಂಬುದನ್ನು ರೆಂಡಿಟ್ಟಾ ಎನ್ನುತ್ತಾರೆ. ಹರಾಜಿನ ಬೆಲೆ ಬಿಚ್ಚಾಣಿಕೆದಾರನ ಕೈಯಲ್ಲಿಲ್ಲ. ಕೋವಿಡ್ ಲಾಕ್‌ಡೌನಿನಲ್ಲಿ ಮಗ್ಗಗಳು ನಿಂತಾಗ ಅದು ಹೇಗೆ ಕುಸಿಯಿತೆಂದು ಎಲ್ಲರೂ ನೋಡಿದ್ದಾರೆ. ಆದರೆ ಲಾಟು ಆರಿಸುವುದು, ಗೂಡು ಬೇಯಿಸುವ ಹದ, ತುಂಡಾದ ಎಳೆ ಮತ್ತೆ ಹಿಡಿಯುವ ಕೈ, ಇವು ಅವನವು. ಉದಾಹರಣೆಗೆ ಮೂರು ತಿಂಗಳಿಗೆ 300 ಕಿಲೋ ನೂಲು ತೆಗೆಯುವ ಘಟಕ ರೆಂಡಿಟ್ಟಾವನ್ನು 8ರಿಂದ 7.5ಕ್ಕೆ ಇಳಿಸಿದರೆ 150 ಕಿಲೋ ಗೂಡು ಉಳಿಯುತ್ತದೆ. ಕಿಲೋಗೆ 500 ರೂ. ಎಂದರೆ 75,000 ರೂ. ಮಾರಾಟ ಶೇ 10 ಹೆಚ್ಚಿಸುತ್ತೇನೆ ಎಂಬ ಗುರಿಗಿಂತ ಇದು ಮೇಲು. ಸೂಕ್ಷ್ಮ ಒಂದಿದೆ: ಬೈವೋಲ್ಟೈನ್ (ದ್ವಿತಳಿ) ಗೂಡಿಗೆ ರೆಂಡಿಟ್ಟಾ ಕಡಿಮೆ, ಮಿಶ್ರತಳಿಗೆ ಹೆಚ್ಚು. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಕೆಲಸ ಸುಧಾರಿಸಿತೋ ಗೂಡು ಬದಲಾಯಿತೋ ತಿಳಿಯುವುದಿಲ್ಲ.

ಚನ್ನಪಟ್ಟಣದಲ್ಲಿ ತಪ್ಪು ಇನ್ನೊಂದು ಬಗೆಯಲ್ಲಿ ಆಗುತ್ತದೆ. 2005–06ರಲ್ಲಿ ಭೌಗೋಳಿಕ ಗುರುತು ಪಡೆದ ಅರಗಿನ ಬೊಂಬೆಗಳಿಗೆ ದಸರಾ ಬೊಂಬೆ ಕೂರಿಸುವ ಕಾಲ ಸುಗ್ಗಿ. ಅಕ್ಟೋಬರ್–ಡಿಸೆಂಬರಿನ ವ್ಯಾಪಾರ ಮುಗಿಸಿ ಜನವರಿ–ಮಾರ್ಚನ್ನು ಅದಕ್ಕೆ ಹೋಲಿಸಿದರೆ ಅಂಗಡಿ ಮುಳುಗಿತೆಂದೇ ಕಾಣುತ್ತದೆ. ಹೋಲಿಕೆ ಹೋದ ವರ್ಷದ ಅದೇ ಮೂರು ತಿಂಗಳ ಜೊತೆ ಆಗಬೇಕು. ಅದೂ ಸಾಲದು, ಯಾಕೆಂದರೆ ಚಾಂದ್ರಮಾನದ ದಸರಾ ಕೆಲವು ವರ್ಷ ಸೆಪ್ಟೆಂಬರಿನಲ್ಲೇ ಶುರುವಾಗಿ ಮಾರಾಟವನ್ನು ಹಿಂದಿನ ತ್ರೈಮಾಸಿಕಕ್ಕೆ ಎಳೆದುಬಿಡುತ್ತದೆ. ಬೇಸಿಗೆಯ ತಿಂಗಳುಗಳಲ್ಲಿ ಮಾರಾಟದ ಬದಲು, ಒಣಗಿಸಲು ಇಟ್ಟ ಮರ ಎಷ್ಟು ಎಂಬ ಗುರಿ ಇಟ್ಟವನಿಗೆ ಹಬ್ಬದ ಆರ್ಡರ್ ಒಪ್ಪಿಕೊಳ್ಳುವ ಧೈರ್ಯವಿರುತ್ತದೆ.

ಬೈರಮಂಗಲದ ಮಟ್ಟಿಗೆ ಮೂರು ತಿಂಗಳಾಚೆಯ ಲೆಕ್ಕವೇ ಕಗ್ಗಂಟು. 2006ರ ಸುಮಾರಿಗೆ ಬಿಡದಿ ಉಪನಗರದ ಪ್ರಸ್ತಾಪ ಬಂತು. ವರ್ಷಗಟ್ಟಲೆ ನೆನೆಗುದಿಗೆ ಬಿತ್ತು. 2025ರಲ್ಲಿ ಬೈರಮಂಗಲ, ಕಂಚುಗಾರನಹಳ್ಳಿ ಮೊದಲಾದ ಹಳ್ಳಿಗಳ ಜಮೀನಿಗೆ ಸ್ವಾಧೀನದ ಪ್ರಾಥಮಿಕ ಅಧಿಸೂಚನೆ ಹೊರಟು, ರೈತರು ಪ್ರತಿಭಟನೆಗೆ ಇಳಿದರು. ಒಮ್ಮೆ ಕಡ್ಡಿ ನೆಟ್ಟರೆ ಹಿಪ್ಪುನೇರಳೆ ತೋಟ ಹತ್ತು ಹದಿನೈದು ವರ್ಷ ಸೊಪ್ಪು ಕೊಡುತ್ತದೆ, ಹುಳುಮನೆ ಕಟ್ಟಿದ ಸಾಲ ತೀರಲು ಹಲವು ವರ್ಷ ಬೇಕು. ಬೇಬಿಕಾರ್ನ್ ಸುಮಾರು ಎರಡು ತಿಂಗಳಲ್ಲಿ ಕೈಗೆ ಬರುತ್ತದೆ. ಇಂಥ ಊರಿನಲ್ಲಿ ಗೊಬ್ಬರದ ಅಂಗಡಿಯವನು ಮುಂದಿನ ತ್ರೈಮಾಸಿಕಕ್ಕೆ ಎಷ್ಟು ಮಾಲು ತರಿಸಬೇಕು, ಯಾರಿಗೆ ಎಷ್ಟು ಸಾಲ ಬಿಡಬೇಕು ಎಂದು ನಿರ್ಧರಿಸುವ ಮೊದಲು, ಗಿರಾಕಿಗಳು ತೋಟ ಉಳಿಸಿಕೊಳ್ಳುತ್ತಾರೋ ಎರಡು ತಿಂಗಳ ಬೆಳೆಗೆ ಇಳಿಯುತ್ತಾರೋ ಎಂದು ಕೇಳಿ ತಿಳಿದುಕೊಳ್ಳಬೇಕಾಗುತ್ತದೆ.