ಬನವಾಸಿ ನಾಡೂ ಕಡಲಾಚೆಯ ದ್ವೀಪಗಳೂ

ತರಗತಿಯಲ್ಲಿ ಒಮ್ಮೆ ಶಿಕಾರಿಪುರ ತಾಲ್ಲೂಕಿನ ಹಳೆಯ ಶಾಸನವೊಂದರ ಸಾರವನ್ನು ಹೇಳುತ್ತಿದ್ದೆ. ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕರು ನೆಲದ ದಾರಿ ನೀರಿನ ದಾರಿಗಳೆರಡರಲ್ಲಿಯೂ ನಾಡುನಾಡುಗಳನ್ನು ತಿರುಗಿದರೆಂದು ಹೇಳಿದಾಗ ಸೊರಬದ ಕಡೆಯ ಹುಡುಗನೊಬ್ಬನು ಎದ್ದುನಿಂತು, "ಮೇಷ್ಟ್ರೇ, ನಮ್ಮ ಕಡೆ ಸಮುದ್ರವೇ ಇಲ್ಲ. ಇದು ಬರೀ ಬಡಾಯಿ ಅಲ್ಲವೆ?" ಎಂದು ಕೇಳಿದನು. ಹುಡುಗರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಉತ್ತರ ಹೇಳಲಾಗಲಿಲ್ಲ. ಹೌದೆಂದರೆ ಕಲ್ಲಿಗೆ ಅನ್ಯಾಯ, ಅಲ್ಲವೆಂದರೆ ಆಧಾರ ಬೇಕು. ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಕಲ್ಲಿನ ಮಾತು. ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ ಅದು ಶಿಕಾರಿಪುರದ 118ನೆಯ ಶಾಸನ. ಕಾಲ ಹನ್ನೊಂದನೆಯ ಶತಮಾನದ ನಡುಭಾಗ. ಬಳ್ಳಿಗಾವೆಯು ಬನವಾಸಿ ಪನ್ನಿರ್ಛಾಸಿರದ ರಾಜಧಾನಿಯಾಗಿ ಮೆರೆಯುತ್ತಿದ್ದ ಕಾಲವದು. ವರ್ತಕರ ಹೊಗಳಿಕೆಗೆ ಅಲ್ಲಿ ಮೇರೆಯೇ ಇಲ್ಲ. ಭೂಮಿಯೇ ಅವರ ಸರಕಿನ ಚೀಲ. ದಿಕ್ಪಾಲಕರು ಆ ಚೀಲದ ಮೂಲೆಯ ಕುಚ್ಚುಗಳು. ಸರ್ಪಕುಲವು ಅದರ ಹುರಿ. ಎಲೆಯಡಕೆಯ ಸಂಚಿ ಅದರೊಳಗಿನ ಗುಪ್ತವಾದ ಜೇಬು. ಅವರು ಮರಳಿನಿಂದ ಹಗ್ಗ ಹೊಸೆಯಬಲ್ಲರಂತೆ, ಸಿಡಿಲನ್ನು ಹಿಡಿದು ತೋರಿಸಬಲ್ಲರಂತೆ, ಬರುತ್ತಿರುವ ಮಾರಿಯನ್ನು ಎದುರುಗೊಳ್ಳಬಲ್ಲರಂತೆ! ಹುಡುಗನಿಗೆ ಬಡಾಯಿ ಎನಿಸಿದ್ದರಲ್ಲಿ ತಪ್ಪೇನೂ ಇಲ್ಲ.

ಆದರೆ ಅದೇ ಶಾಸನ ಇನ್ನೊಂದು ಕಡೆ ತಣ್ಣಗೆ ಲೆಕ್ಕ ಬರೆದಂತೆ ಸರಕುಗಳನ್ನು ಎಣಿಸುತ್ತದೆ. ಆನೆ, ಕುದುರೆ, ಮುತ್ತು, ಮಾಣಿಕ್ಯ, ಹವಳ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ, ಕುಂಕುಮಕೇಸರಿ. ಈ ಪಟ್ಟಿಯಲ್ಲಿ ಏಲಕ್ಕಿ ನಮ್ಮ ಘಟ್ಟದ್ದು. ಲವಂಗ ನಮ್ಮದಲ್ಲ. ಆ ಕಾಲದಲ್ಲಿ ಲವಂಗದ ಮರ ಬೆಳೆಯುತ್ತಿದ್ದುದು ಲೋಕದಲ್ಲಿ ಒಂದೇ ಕಡೆ, ಈಗಿನ ಇಂಡೋನೇಷ್ಯದ ಪೂರ್ವದಲ್ಲಿರುವ ಮಲುಕು ದ್ವೀಪಗಳಲ್ಲಿ. ಒಳ್ಳೆಯ ಕರ್ಪೂರ ಬರುತ್ತಿದ್ದುದು ಸುಮಾತ್ರ, ಬೋರ್ನಿಯೊ, ಮಲಯ ನಾಡುಗಳ ಕಾಡುಗಳಿಂದ. ವರ್ತಕರು ತಾವೇ ಅಲ್ಲಿಗೆ ಹೋದರೋ ಇಲ್ಲವೋ, ಅಲ್ಲಿನ ಸರಕಂತೂ ಘಟ್ಟ ಹತ್ತಿ ಇಲ್ಲಿಗೆ ಬಂದಿತು. ಸೊರಬದಿಂದ ಹೊನ್ನಾವರದ ಕಡಲಿಗೆ ನೇರ ಅಳತೆಯಲ್ಲಿ 70 ಕಿಲೋಮೀಟರಿನಷ್ಟೇ ದೂರ. ಅಡ್ಡ ನಿಂತಿರುವುದು ಸಹ್ಯಾದ್ರಿ. ಎತ್ತು ಕತ್ತೆಗಳ ಮೇಲೆ ಹೇರಿಕೊಂಡು ಅದನ್ನು ಇಳಿದು ಹತ್ತುವುದೇ ಅವರ ಕಸುಬು.

ಅವರು ಕಂಡ ನಾಡುಗಳ ಪಟ್ಟಿಯಲ್ಲಿ ಚೇರ, ಚೋಳ, ಪಾಂಡ್ಯ, ನೇಪಾಳ, ಪಾರಸಗಳ ಜತೆಗೆ ಏಕಪಾದರ ನಾಡು, ಲಂಬಕರ್ಣರ ನಾಡು, ಸ್ತ್ರೀರಾಜ್ಯ ಇವೂ ಇವೆ. ಒಂಟಿಕಾಲಿನವರನ್ನು ಪುರಾಣಕ್ಕೆ ಬಿಟ್ಟುಬಿಡೋಣ. ಲಂಬಕರ್ಣರನ್ನು ಅಷ್ಟು ಸುಲಭವಾಗಿ ಬಿಡಲಾಗದು. ಬೋರ್ನಿಯೊ ದ್ವೀಪದ ಒಳನಾಡಿನ ಜನರು ಭಾರವಾದ ಬಳೆಗಳನ್ನು ತೂಗುಹಾಕಿ ಕಿವಿಯ ಹಾಲೆಯನ್ನು ಭುಜದವರೆಗೆ ಇಳಿಬಿಡುತ್ತಿದ್ದುದು ಚೆನ್ನಾಗಿ ತಿಳಿದ ಸಂಗತಿ. ಯಾವನೋ ನಾವಿಕನು ಕಂಡುಬಂದು ಹೇಳಿದ್ದು ಬಾಯಿಂದ ಬಾಯಿಗೆ ದಾಟಿ ಬಳ್ಳಿಗಾವೆಯ ಸೀಮೆಯ ಕಲ್ಲಿಗೆ ಇಳಿದಿರಬಹುದು.

ಕಡಲಾಚೆಗೆ ಈ ಸಂಘದ ಸುಳಿವೇನಾದರೂ ಉಂಟೆ? ಉಂಟು. ಸುಮಾತ್ರ ದ್ವೀಪದ ಪಶ್ಚಿಮ ಕರಾವಳಿಯಲ್ಲಿ ಬಾರುಸ್ ಎಂಬ ಹಳೆಯ ರೇವು ಇದೆ. ಮಲಯ ಭಾಷೆಯಲ್ಲಿ ಇಂದಿಗೂ ಕರ್ಪೂರಕ್ಕೆ 'ಕಾಪುರ್ ಬಾರುಸ್' ಎಂದೇ ಹೆಸರು. ಅದರ ಬಳಿಯ ಲೋಬು ತುವ ಎಂಬಲ್ಲಿ 1873ರಲ್ಲಿ ಒಂದು ಕಲ್ಲು ದೊರೆಯಿತು. ಶಕವರ್ಷ 1010, ಅಂದರೆ ಕ್ರಿ. ಶ. 1088ರ ಶಾಸನ. ಬರೆಸಿದವರು 'ದಿಕ್ಕು ಸಾವಿರದ ಐನೂರ್ವರು'. ಅವರು ಆ ಪಟ್ಟಣದಲ್ಲಿ ಸಭೆ ಸೇರಿ, ಹಡಗಿನ ನಾಯಕ ಮೊದಲಾದವರು ಕಸ್ತೂರಿಯ ಬೆಲೆಗೆ ಸರಿಯಾಗಿ ಹೊನ್ನಿನಲ್ಲಿ ಸುಂಕ ತೆರಬೇಕೆಂದು ಕಟ್ಟಳೆ ಮಾಡಿದರು. ಭಾಷೆ ಮಾತ್ರ ತಮಿಳು. ಆದುದರಿಂದ ಆ ಕಲ್ಲನ್ನು ನೆಟ್ಟವರು ಕನ್ನಡಿಗರೆಂದು ಹೇಳುವ ಹಾಗಿಲ್ಲ. ಐನೂರ್ವರದು ಒಂದೇ ಊರಿನ, ಒಂದೇ ಭಾಷೆಯ ಸಂಘವಲ್ಲ. ಹೆಸರು ಬಿದ್ದುದು ಬಾಗಲಕೋಟೆಯ ಸೀಮೆಯ ಐಹೊಳೆಯಿಂದ. ಕೊಂಬೆಗಳು ತಮಿಳುನಾಡಿಗೂ ಸಿಂಹಳಕ್ಕೂ ಚಾಚಿದ್ದುವು. ಒಂದು ಕೊಂಬೆ ಬಾರುಸಿನಲ್ಲಿ ಕರ್ಪೂರ ಕೊಂಡಿತು, ಇನ್ನೊಂದು ಕೊಂಬೆ ಬಳ್ಳಿಗಾವೆಯಲ್ಲಿ ಮಾರಿತು ಎಂದುಕೊಂಡರೆ ಶಾಸನಗಳಿಗೆ ವಿರೋಧವಾಗದು.

ಕರ್ಪೂರದ ಮಾತು ಬಂದುದರಿಂದ ಒಂದು ಸಂಗತಿ. ಆ ಮರದ ತಿರುಳಿನ ಬಿರುಕುಗಳಲ್ಲಿ ಹರಳಾಗಿ ಕೂಡಿಕೊಂಡ ವಸ್ತುವೇ ಕರ್ಪೂರ; ಮರವನ್ನು ಕಡಿದು ಸೀಳಿದ ಹೊರತು ಇದೆಯೋ ಇಲ್ಲವೋ ತಿಳಿಯದು. ಅದಕ್ಕೆಂದು ಜೋಹೋರ್ ಕಾಡುಗಳ ಜನರು ಕರ್ಪೂರ ಅರಸಲು ಹೊರಟಾಗ ದಿನಬಳಕೆಯ ಮಾತುಗಳನ್ನು ಬಿಟ್ಟು ಬೇರೆಯೇ ಒಂದು ಭಾಷೆಯನ್ನಾಡುತ್ತಿದ್ದರು. ಮಾಮೂಲಿನ ಹೆಸರು ಕೇಳಿದರೆ ಕರ್ಪೂರ ಮಾಯವಾಗುತ್ತದೆಂದು ನಂಬಿಕೆ. ನಮ್ಮ ಮಲೆನಾಡಿನ ಮನೆಗಳಲ್ಲಿ ರಾತ್ರಿ ಹೊತ್ತು ಹಾವನ್ನು ಹಾವೆನ್ನದೆ 'ಹುಳ' ಎನ್ನುವುದನ್ನು ಕೇಳಿದವರಿಗೆ ಇದು ವಿಚಿತ್ರವಾಗಿ ತೋರದು.

ಇಷ್ಟು ವ್ಯಾಪಾರದ ವಿಷಯ. ಆದರೆ ನಮ್ಮ ನಾಡಿಗೂ ದ್ವೀಪಗಳಿಗೂ ಇರುವ ನಂಟು ಇದಕ್ಕಿಂತ ಹಳೆಯದು. ಎರಡನೆಯ ಶತಮಾನದ ಟಾಲೆಮಿಯ ಭೂಗೋಳದಲ್ಲಿ ಬನವಾಸಿಯ ಹೆಸರಿದೆ. ಅದೇ ಪುಸ್ತಕದಲ್ಲಿ ಯವದ್ವೀಪದ ಹೆಸರೂ, ಅದಕ್ಕೆ 'ಯವೆಯ ದ್ವೀಪ'ವೆಂಬ ಅರ್ಥವೂ ಇದೆ. ಸಿಂಹಳದ ಮಹಾವಂಸವು ಅಶೋಕನ ಕಾಲದಲ್ಲಿ ರಕ್ಖಿತನೆಂಬ ಥೇರನನ್ನು ವನವಾಸಕ್ಕೂ, ಮಹಿಂದನನ್ನು ಲಂಕೆಗೂ, ಸೋಣ ಉತ್ತರರನ್ನು ಸುವರ್ಣಭೂಮಿಗೂ ಕಳುಹಿದರೆಂದು ಹೇಳುತ್ತದೆ. ಆ ವನವಾಸವೇ ನಮ್ಮ ಬನವಾಸಿಯೆಂದು ಬಹುಮಂದಿ ವಿದ್ವಾಂಸರು ಒಪ್ಪಿದ್ದಾರೆ. ಮುಂದೆ ಕ್ರಿ. ಪೂ. ಎರಡನೆಯ ಶತಮಾನದಲ್ಲಿ ದುಟ್ಠಗಾಮಣಿ ರಾಜನು ಅನುರಾಧಪುರದಲ್ಲಿ ಮಹಾಸ್ತೂಪಕ್ಕೆ ಅಡಿಗಲ್ಲಿಟ್ಟಾಗ ವನವಾಸದಿಂದ ಚಂದಗುತ್ತನೆಂಬ ಥೇರನು ಎಂಬತ್ತು ಸಾವಿರ ಯತಿಗಳೊಡನೆ ಬಂದನೆಂದೂ ಅದೇ ಗ್ರಂಥ ಹೇಳುತ್ತದೆ. ಎಂಬತ್ತು ಸಾವಿರ ಎಂಬುದು ಭಕ್ತಿಯ ಲೆಕ್ಕ, ಬಿಡಿ. ಸೊರಬ ತಾಲ್ಲೂಕಿನಲ್ಲಿ ಚಂದ್ರಗುತ್ತಿಯೆಂಬ ಬೆಟ್ಟವಿದೆಯಲ್ಲ, ಈ ಚಂದಗುತ್ತನ ಹೆಸರೇ ಅದಕ್ಕೆ ಬಂದಿತೆ ಎಂದು ಗೆಳೆಯರೊಬ್ಬರು ಉತ್ಸಾಹದಿಂದ ಕೇಳಿದ್ದರು. ಶಬ್ದಸಾಮ್ಯ ಒಂದನ್ನೇ ಹಿಡಿದು ಇತಿಹಾಸ ಕಟ್ಟಬಾರದೆಂದು ನನ್ನ ಗುರುಗಳು ಕಲಿಸಿದರು. ನಾನು ಆ ದಾರಿ ಹಿಡಿಯಲಾರೆ.

ಶಬ್ದಸಾಮ್ಯಕ್ಕಿಂತ ಗಟ್ಟಿಯಾದ ಸಾಮ್ಯವೊಂದು ತಾಳಗುಂದದಲ್ಲಿದೆ. ಪ್ರಣವೇಶ್ವರ ದೇವಾಲಯದೆದುರಿನ ಆ ಕಂಬವನ್ನು ನೋಡದವರು ನಮ್ಮ ತಾಲ್ಲೂಕಿನಲ್ಲಿ ಕಡಮೆ, ಓದಿದವರೂ ಕಡಮೆ. ಕುಬ್ಜನೆಂಬ ಕವಿ ರಚಿಸಿದ ಆ ಸಂಸ್ಕೃತ ಕಾವ್ಯದಲ್ಲಿ ಮಯೂರಶರ್ಮನು ತಾತ ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಓದಲು ಹೋದದ್ದು, ಪಲ್ಲವರ ಅಶ್ವಾರೋಹಿಯೊಡನೆ ಜಗಳವಾದದ್ದು, ದರ್ಭೆ ಹಿಡಿದ ಕೈ ಕತ್ತಿ ಹಿಡಿದದ್ದು ಎಲ್ಲವೂ ಬರುತ್ತದೆ. ಆದರೆ ಶಾಸನ ಹುಟ್ಟಿದ್ದು ಅದಕ್ಕಲ್ಲ, ಒಂದು ಕೆರೆಗಾಗಿ. ಕಾಕುಸ್ಥವರ್ಮನು ಆ ಶಿವಾಲಯದ ಬಳಿ ಕಟ್ಟಿಸಿದ ಕೆರೆಯ ನೆನಪಿಗೆ ಶಾಂತಿವರ್ಮನು ಐದನೆಯ ಶತಮಾನದಲ್ಲಿ ಇದನ್ನು ಕಲ್ಲಿನಲ್ಲಿ ಬರೆಸಿದನು.

ಅದೇ ಶತಮಾನದಲ್ಲಿ ಜಾವಾ ದ್ವೀಪದ ಪಶ್ಚಿಮದಲ್ಲಿ ತಾರುಮ ಎಂಬ ರಾಜ್ಯವನ್ನು ಪೂರ್ಣವರ್ಮನೆಂಬವನು ಆಳುತ್ತಿದ್ದನು. ಅವನದೂ ಸಂಸ್ಕೃತದ ಶಾಸನ. ಅವನದೂ ನೀರಿನ ಕೆಲಸ. ಇಂದಿನ ಜಕಾರ್ತಾ ನಗರದ ಉತ್ತರಭಾಗದ ತುಗು ಎಂಬಲ್ಲಿ ಸಿಕ್ಕಿದ ಕಲ್ಲು, ಪೂರ್ಣವರ್ಮನು ತನ್ನ ಆಳ್ವಿಕೆಯ 22ನೆಯ ವರ್ಷದಲ್ಲಿ 6122 ಧನುಸ್ಸುಗಳ ಉದ್ದದ ಕಾಲುವೆಯನ್ನು 21 ದಿನಗಳಲ್ಲಿ ತೋಡಿಸಿ, ಬ್ರಾಹ್ಮಣರಿಗೆ ಸಾವಿರ ಗೋವುಗಳನ್ನು ದಾನವಿತ್ತನೆಂದು ತಿಳಿಸುತ್ತದೆ. ಕಾಲುವೆಗೆ ಅವನಿಟ್ಟ ಹೆಸರು ಗೋಮತಿ. ಅದಕ್ಕೆ ಮೊದಲು ತೋಡಿದ ಇನ್ನೊಂದು ಕಾಲುವೆ ಚಂದ್ರಭಾಗಾ. ಬೆಂಕಿಯ ಬೆಟ್ಟಗಳ ದ್ವೀಪದಲ್ಲಿ ಕುಳಿತು ಉತ್ತರಭಾರತದ ಹೊಳೆಗಳ ಹೆಸರಿಡುವುದೆಂದರೆ! ನಮ್ಮವರು ಬಳ್ಳಿಗಾವೆಯನ್ನು ದಕ್ಷಿಣಕೇದಾರವೆಂದು ಕರೆದುದೂ ಇಂಥದೇ ಮನಸ್ಸಿನಿಂದ. ಕದಂಬರು ತಾರುಮಕ್ಕೆ ಹೋದರೆಂದಾಗಲಿ, ತಾರುಮದವರು ಬನವಾಸಿಗೆ ಬಂದರೆಂದಾಗಲಿ ಇದರ ಅರ್ಥವಲ್ಲ. ಒಂದೇ ಬಗೆಯ ವಿದ್ಯೆ, ಒಂದೇ ಮೂಲದ ದಕ್ಷಿಣದ ಲಿಪಿ ಎರಡು ದಡಗಳಲ್ಲಿ ಏಕಕಾಲದಲ್ಲಿ ಕೆಲಸ ಮಾಡುತ್ತಿದ್ದುವು.

ಇಲ್ಲಿ ನಮ್ಮವರೇ ಬರೆದ ಒಂದು ತಪ್ಪನ್ನು ಹೇಳಲೇಬೇಕು. ಹಿಂದಿನ ತಲೆಮಾರಿನ ಕೆಲವು ಲೇಖಕರು ಈ ದ್ವೀಪಗಳನ್ನೆಲ್ಲ ಭಾರತೀಯರು ಗೆದ್ದು ನೆಲೆಸಿದ ವಸಾಹತುಗಳೆಂದು ವರ್ಣಿಸಿದರು. ಪರರ ಆಳ್ವಿಕೆಯಲ್ಲಿ ನೊಂದಿದ್ದ ಜನಕ್ಕೆ ಅದು ಹಿತವಾಗಿ ಕೇಳಿಸಿರಬೇಕು. ಬೋರ್ನಿಯೊದ ಕುತಾಯ್ ಎಂಬಲ್ಲಿ ದೊರೆತ ಏಳು ಯೂಪಶಾಸನಗಳು ಬೇರೆ ಕತೆಯನ್ನು ಹೇಳುತ್ತವೆ. ಸುಮಾರು ಕ್ರಿ. ಶ. 400ರ ಅರಸು ಮೂಲವರ್ಮ, ಅವನ ತಂದೆ ಅಶ್ವವರ್ಮ, ತಾತ ಕುಂಡುಂಗ. ಕುಂಡುಂಗ ಎಂಬುದು ಸಂಸ್ಕೃತವೇ ಅಲ್ಲ, ಆ ಮಣ್ಣಿನ ಹೆಸರು. ನಮ್ಮ ಮಯೂರಶರ್ಮನ ವಂಶದವರು ಶರ್ಮರಾಗಿದ್ದವರು ವರ್ಮರಾದರು. ಅಲ್ಲಿ ಕುಂಡುಂಗನ ಮಗ ವರ್ಮನಾದನು. ಯಾರೂ ಯಾರನ್ನೂ ಗೆಲ್ಲಲಿಲ್ಲ. ದ್ವೀಪದವರು ಸ್ವತಃ ನುರಿತ ನಾವಿಕರು. ಜಾವಾದ ಬೊರೊಬುದುರ್ ಸ್ತೂಪದ ಗೋಡೆಗಳಲ್ಲಿ ಸುಮಾರು ಕ್ರಿ. ಶ. 800ರಲ್ಲಿ ಕೊರೆದ, ಪಕ್ಕಕ್ಕೆ ತೇಲುಮರ ಕಟ್ಟಿದ ಹಡಗುಗಳು ಅವರವೇ. ಸೊರಬದ ವೀರಗಲ್ಲುಗಳಲ್ಲಿ ಕುದುರೆ, ತುರುಗಳ ಮಂದೆ, ದೇವಲೋಕಕ್ಕೆ ಒಯ್ಯುವ ಅಪ್ಸರೆಯರು ಕಾಣಸಿಗುತ್ತಾರೆ. ಹಡಗನ್ನು ನಾನು ಒಂದರಲ್ಲಿಯೂ ಕಂಡಿಲ್ಲ.

ದೇವತೆಗಳೂ ಎರಡು ದಡಗಳಲ್ಲಿ ಕಾಣುತ್ತಾರೆ. ಬಳ್ಳಿಗಾವೆಯಲ್ಲಿ 1065ರಲ್ಲಿ ರೂಪಭಟ್ಟಯ್ಯನೆಂಬ ದಂಡನಾಯಕನು ಬೌದ್ಧ ವಿಹಾರವೊಂದನ್ನು ಕಟ್ಟಿಸಿ ತಾರಾ ಭಗವತಿಯ ಪೂಜೆಗೆ ದತ್ತಿ ಬಿಟ್ಟನು. ಕಾಳಾಮುಖರ ಕೋಡಿಯಮಠದ ಊರಿನಲ್ಲಿ ಅದಕ್ಕೂ ಜಾಗವಿತ್ತು. ಜಾವಾದ ಕಲಸನ್ ಎಂಬಲ್ಲಿ ಅದೇ ತಾರೆಗೆ 778ರಲ್ಲಿಯೇ ಗುಡಿಯಾಗಿತ್ತು.

ಸಿಂಹಳದ ಸಂಬಂಧ ಮಾತ್ರ ಇಷ್ಟು ಶಾಂತವಾಗಿರಲಿಲ್ಲ. ಬನವಾಸಿ ನಾಡು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕೈಯಲ್ಲಿದ್ದಾಗ ಲಂಕೆಯನ್ನು ಮೊದಲನೆಯ ವಿಜಯಬಾಹು ಆಳುತ್ತಿದ್ದನು. ಇಬ್ಬರಿಗೂ ಚೋಳರೇ ಹಗೆಗಳು. ಕನ್ನಾಟದ ಅರಸನು ಕಾಣಿಕೆಗಳೊಡನೆ ದೂತರನ್ನು ಕಳುಹಿದನೆಂದೂ, ವಿಜಯಬಾಹು ಅವರೊಡನೆ ತನ್ನ ದೂತರನ್ನು ಉತ್ತಮ ಉಡುಗೊರೆಗಳೊಂದಿಗೆ ಬೀಳ್ಕೊಟ್ಟನೆಂದೂ ಚೂಳವಂಸವು ಹೇಳುತ್ತದೆ. ದಾರಿಯಲ್ಲಿ ಚೋಳರು ಆ ಸಿಂಹಳ ದೂತರನ್ನು ಹಿಡಿದು ಕಿವಿ ಮೂಗುಗಳನ್ನು ಕೊಯ್ದು ಹಿಂದಕ್ಕಟ್ಟಿದರು. ವಿಜಯಬಾಹು ಯುದ್ಧಕ್ಕೆ ಹೊರಟರೆ ಅವನ ವೇಳೈಕ್ಕಾರ ಪಡೆಯೇ ತಿರುಗಿಬಿದ್ದಿತು. ಕನ್ನಡದ ದೊರೆಗಾಗಿ ತಂದ ಉಡುಗೊರೆ ಕಲ್ಯಾಣವನ್ನು ಮುಟ್ಟದೆಹೋಯಿತು. ಆ ಹೆಸರಿಲ್ಲದ ದೂತರನ್ನು ನೆನೆಯುವಾಗ ಮನಸ್ಸು ಕಳವಳಗೊಳ್ಳುತ್ತದೆ. ನಮ್ಮ ಪಠ್ಯಪುಸ್ತಕಗಳಲ್ಲಿ ಅವರಿಗೆ ಒಂದು ಸಾಲಾದರೂ ಸಿಕ್ಕಬೇಕಾಗಿತ್ತು.

ಹುಡುಗನ ಪ್ರಶ್ನೆಗೆ ನೇರವಾದ ಸಾಕ್ಷ್ಯ ದೊರೆಯುವುದು ಇನ್ನೂ ಕೆಳಗಿನ ಕಾಲದಲ್ಲಿ, ಅದೂ ದ್ವೀಪದವರ ಬಾಯಿಂದಲೇ. ಹದಿನಾಲ್ಕನೆಯ ಶತಮಾನದಲ್ಲಿ ಜಾವಾದ ಪೂರ್ವದಲ್ಲಿ ಮಜಪಹಿತ್ ಎಂಬ ಮಹಾನಗರವಿತ್ತು. ಈಗಿನ ತ್ರೊವುಲಾನ್ ಎಂಬಲ್ಲಿ ಅದರ ಕೆಂಪು ಇಟ್ಟಿಗೆಯ ದ್ವಾರಗಳೂ, ಇಟ್ಟಿಗೆಯ ಕಟ್ಟೆಯುಳ್ಳ ಸುಮಾರು 6 ಹೆಕ್ಟೇರು ವಿಸ್ತಾರದ ಕೆರೆಯೂ ಉಳಿದಿವೆ. ಅಲ್ಲಿನ ಅರಸು ಹಯಮ್ ವುರುಕನ ಆಸ್ಥಾನಕವಿ ಪ್ರಪಂಚನು 1365ರಲ್ಲಿ ನಾಗರಕೃತಾಗಮವೆಂಬ ಕಾವ್ಯವನ್ನು ಬರೆದನು. ಹಡಗುಗಳಲ್ಲಿ ವರ್ತಕರೊಡನೆ ಬಂದಿಳಿಯುತ್ತಿದ್ದ ಪರದೇಶಿಗಳನ್ನು ಎಣಿಸುವಾಗ ಜಂಬೂದ್ವೀಪ, ಕಾಂಬೋಜ, ಚೀನ, ಯವನ, ಚಂಪಾ, ಗೌಡ ಮುಂತಾದ ನಾಡುಗಳ ನಡುವೆ ಕರ್ನಾಟಕವನ್ನೂ ಹೆಸರಿಸುತ್ತಾನೆ. ಆಗ ಇಲ್ಲಿ ಬುಕ್ಕರಾಯನ ಆಳ್ವಿಕೆ. ಅವನ ಸೋದರ ಮಾರಪ್ಪನು 1347ರಲ್ಲಿ ಚಂದ್ರಗುತ್ತಿಯಿಂದಲೇ ಈ ಸೀಮೆಯನ್ನು ನೋಡಿಕೊಳ್ಳುತ್ತಿದ್ದನು. ಆ ಕಾವ್ಯವೇ ನಮಗೆ ಉಳಿದದ್ದು ಸ್ವಲ್ಪದರಲ್ಲಿ. 1894ರಲ್ಲಿ ಡಚ್ಚರ ಸೈನ್ಯ ಲೊಂಬೊಕ್ ದ್ವೀಪದ ಅರಮನೆಯನ್ನು ಹಾಳುಗೆಡಹುತ್ತಿದ್ದಾಗ ಬ್ರಾಂಡೆಸ್ ಎಂಬ ಭಾಷಾವಿದ್ವಾಂಸನು ಅಲ್ಲಿನ ಓಲೆಯ ಕಟ್ಟುಗಳನ್ನು ಉಳಿಸಿಕೊಂಡನು. ಅವುಗಳಲ್ಲಿ ಇದೂ ಒಂದು.

ಆ ಕರ್ನಾಟಕದವರಲ್ಲಿ ಶಿಕಾರಿಪುರ ಸೊರಬದವನೊಬ್ಬನು ಇದ್ದನೆ? ಇದ್ದನೆಂದು ಬರೆದ ಕಲ್ಲಿಲ್ಲ. ಆದರೆ ಮಲೆನಾಡಿನ ಸರಕು ಆ ಹಡಗಿನಲ್ಲಿದ್ದಿತೆಂದರೆ ಯಾರೂ ಬಾಯಿಮುಚ್ಚಿಸಲಾರರು.

ಕೊನೆಗೆ ಆ ಎಲೆಯಡಕೆಯ ಸಂಚಿಗೆ ಹಿಂದಿರುಗುತ್ತೇನೆ. ಸೊರಬದ ತೋಟಗಳಲ್ಲಿ ಕಂಗಿನ ಮರಗಳು ಸಾಲುಸಾಲಾಗಿ ನಿಂತಿರುವುದನ್ನು ನೋಡಿದರೆ ಸೃಷ್ಟಿಯ ಮೊದಲ ದಿನದಿಂದಲೂ ಅವು ಇಲ್ಲೇ ಇದ್ದುವೆನಿಸುತ್ತದೆ. ಸಸ್ಯಶಾಸ್ತ್ರಜ್ಞರ ಅಭಿಪ್ರಾಯ ಬೇರೆ. ಅಡಕೆಯ ತವರು ಫಿಲಿಪೈನ್ಸ್ ಮೊದಲಾದ ಪೂರ್ವದ್ವೀಪಗಳೆಂದೂ, ವೀಳ್ಯದ ಬಳ್ಳಿಯೂ ಆ ಕಡೆಯದೇ ಎಂದೂ, ದ್ವೀಪದ ನಾವಿಕರ ದೋಣಿಗಳೇ ಅವನ್ನು ಪಶ್ಚಿಮಕ್ಕೆ ತಂದುವೆಂದೂ ಅವರು ಹೇಳುತ್ತಾರೆ. ಐನೂರ್ವರು ಸೊಂಟಕ್ಕೆ ಸಂಚಿ ಕಟ್ಟಿಕೊಂಡು ದ್ವೀಪಗಳತ್ತ ಹೊರಡುವುದಕ್ಕೆ ಬಹುಕಾಲ ಮೊದಲೇ ದ್ವೀಪಗಳು ಆ ಸಂಚಿಯನ್ನು ತುಂಬಿ ಕಳುಹಿದ್ದುವು. ಆ ಹುಡುಗನ ಮನೆಯವರದೂ ಎರಡು ಎಕರೆ ಅಡಕೆ ತೋಟವಂತೆ.